ಗಂಜಿನ ಲೆಕ್ಕ, ಜಾಲದ ಕಾವಲು

ಪಾರ್ಸಿ ಭಾಷೆಯಲ್ಲಿ ‘ಗಂಜ್’ ಎಂದರೆ ನಿಧಿ, ಭಂಡಾರ. ಕಾಲಕ್ರಮದಲ್ಲಿ ಉತ್ತರ ಭಾರತದಲ್ಲೂ ದಖ್ಖನಿನಲ್ಲೂ ಅದು ದವಸಧಾನ್ಯದ ಪೇಟೆಗೆ ಹೆಸರಾಯಿತು. ಕಲಬುರಗಿಯ ನೆಹರು ಗಂಜ್ ಈ ಎರಡೂ ಅರ್ಥಗಳಿಗೆ ಒಪ್ಪುವ ಜಾಗ. ಆಳಂದ, ಚಿಂಚೋಳಿ, ಕಮಲಾಪುರ ಕಡೆಯ ಹೊಲಗಳ ತೊಗರಿ ಸುಗ್ಗಿಯಲ್ಲಿ ಇಲ್ಲಿಗೆ ಬಂದು ಸೇರುತ್ತದೆ. ಮಾರುಕಟ್ಟೆ ಸಮಿತಿಯ ಪ್ರಾಂಗಣ, ಅಡತಿ ಅಂಗಡಿಗಳು, ಹಮಾಲರು, ತೂಕದ ಕಟ್ಟೆಗಳು, ಊರ ಸುತ್ತಲಿನ ದಾಲ್ ಮಿಲ್ಲುಗಳು ಇವೆಲ್ಲ ಸೇರಿ ಜಿಲ್ಲೆಗೆ ‘ತೊಗರಿಯ ಕಣಜ’ ಎಂಬ ಹೆಸರನ್ನು ತಂದಿವೆ. 2019ರಲ್ಲಿ ಗುಲ್ಬರ್ಗ ತೊಗರಿ ಬೇಳೆಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು.

ನಿಧಿ ಇದ್ದಲ್ಲಿ ಕಾವಲು ಇರಲೇಬೇಕು. ಇಂದು ಆ ನಿಧಿಯ ಬಹುಪಾಲು ತಿಜೋರಿಯಲ್ಲಿಲ್ಲ, ಮೊಬೈಲ್ ಫೋನಿನ ಹಿಂದಿರುವ ಬ್ಯಾಂಕ್ ಖಾತೆಯಲ್ಲಿದೆ. ಅದನ್ನು ಕಾಯಲು ಹುಟ್ಟಿದ ಸಂಸ್ಥೆಗಳ ಹೆಸರುಗಳು ಹೊಸವು. ಆದರೆ ಅವು ಬಿಡಿಸಲು ಹೊರಟ ಸಮಸ್ಯೆ ಹಳೆಯದು. ಎದುರಿನವನು ತಾನು ಹೇಳಿಕೊಂಡ ಮನುಷ್ಯನೇ ಹೌದೇ? ಕಾಗದದ ಮೇಲಿನ ಮೊತ್ತವನ್ನು ಯಾರಾದರೂ ತಿದ್ದಿದ್ದಾರೆಯೇ? ಮೋಸವಾದರೆ ದೂರು ಕೊಡುವುದು ಯಾರಿಗೆ? ಪೇಟೆ ಈ ಮೂರು ಪ್ರಶ್ನೆಗಳನ್ನು ಶತಮಾನಗಳಿಂದ ಕೇಳಿಕೊಂಡು ಬಂದಿದೆ.

ಹುಂಡಿಯ ಜಾಣ್ಮೆ

ಬ್ಯಾಂಕುಗಳು ಬರುವ ಮುಂಚೆ ಒಂದು ಊರಿನಿಂದ ಇನ್ನೊಂದು ಊರಿಗೆ ಹಣ ಸಾಗುತ್ತಿದ್ದುದು ಹುಂಡಿಯ ಮೂಲಕ. ನಿಜಾಮರ ಸೀಮೆಯೂ ಸೇರಿ ದೇಶದ ಪೇಟೆಗಳಲ್ಲೆಲ್ಲ ಸಾಹುಕಾರರು ಇದನ್ನು ನಂಬಿ ವ್ಯವಹರಿಸುತ್ತಿದ್ದರು. ಒಂದು ತುಂಡು ಕಾಗದಕ್ಕೆ ಅಷ್ಟು ನಂಬಿಕೆ ಹೇಗೆ ಬಂತು ಎಂಬುದು ಕುತೂಹಲದ ವಿಷಯ. ಹುಂಡಿಯಲ್ಲಿ ಮೊತ್ತವನ್ನು ಒಂದೇ ಸಲ ಬರೆದು ಬಿಡುತ್ತಿರಲಿಲ್ಲ. ನೂರು ರೂಪಾಯಿ, ಅದರ ಅರ್ಧ ಐವತ್ತು, ಆ ಐವತ್ತರ ಎರಡರಷ್ಟು ಕೊಡತಕ್ಕದ್ದು, ಎಂಬ ರೀತಿಯ ಒಕ್ಕಣೆ ಇರುತ್ತಿತ್ತು. ನೂರರ ಮುಂದೆ ಒಂದು ಸೊನ್ನೆ ಸೇರಿಸಿದವನು ಅರ್ಧದ ಲೆಕ್ಕದಲ್ಲಿ ಸಿಕ್ಕಿಬೀಳುತ್ತಿದ್ದ. ಇಂದಿನ ಕಂಪ್ಯೂಟರ್ ಜಾಲದಲ್ಲಿ ಸಂದೇಶ ದಾರಿಯಲ್ಲಿ ಬದಲಾಗಿದೆಯೇ ಎಂದು ತಾಳೆ ನೋಡುವ ಲೆಕ್ಕವೂ ತತ್ವದಲ್ಲಿ ಇದೇ.

‘ಶಾಹಜೋಗ’ ಹುಂಡಿಯ ಹಣ ಕೈಗೆ ಬಂದವರಿಗೆಲ್ಲ ಸಿಗುತ್ತಿರಲಿಲ್ಲ. ಪೇಟೆಯಲ್ಲಿ ಹೆಸರುಳ್ಳ ವರ್ತಕನೊಬ್ಬನ ಮೂಲಕವೇ ಅದನ್ನು ನಗದು ಮಾಡಿಕೊಳ್ಳಬೇಕಿತ್ತು. ಹೀಗಾಗಿ ಕದ್ದ ಹುಂಡಿ ಕಳ್ಳನಿಗೆ ಸುಲಭವಾಗಿ ದಕ್ಕುತ್ತಿರಲಿಲ್ಲ. ಹುಂಡಿ ಕಳೆದುಹೋದರೆ ‘ಪೇಠ್’ ಎಂಬ ಎರಡನೆಯ ಪ್ರತಿ, ಅದೂ ಕಳೆದರೆ ‘ಪರಪೇಠ್’ ಎಂಬ ಮೂರನೆಯ ಪ್ರತಿ ಕೊಡುವ ಪದ್ಧತಿಯಿತ್ತು. ಮೊತ್ತದ ತಾಳೆ, ವ್ಯಕ್ತಿಯ ಗುರುತು, ಕಳೆದುದಕ್ಕೆ ಪರಿಹಾರ, ಈ ಮೂರೂ ಅಲ್ಲಿ ಇದ್ದವು.

ಬಟ್ಟೆಯ ಕೆಳಗಿನ ಬೆರಳು

ಆದರೆ ಪೇಟೆಯ ಗುಟ್ಟುಗಳೆಲ್ಲ ರಕ್ಷಣೆಗೆಂದೇ ಇದ್ದವಲ್ಲ. ದಲ್ಲಾಳಿ ಮತ್ತು ಖರೀದಿದಾರ ಬಟ್ಟೆಯೊಂದರ ಕೆಳಗೆ ಬೆರಳು ಹಿಡಿದು ದರ ಕುದುರಿಸುವ ಪದ್ಧತಿ ದೇಶದ ಅನೇಕ ಧಾನ್ಯದ ಪೇಟೆಗಳಲ್ಲಿತ್ತು. ಮಾಲಿನ ಒಡೆಯನಾದ ರೈತ ಪಕ್ಕದಲ್ಲೇ ನಿಂತಿದ್ದರೂ ಬೆರಳಿನ ಮಾತು ಅವನಿಗೆ ತಿಳಿಯುತ್ತಿರಲಿಲ್ಲ. ಇದರ ಜೊತೆಗೆ ತೂಕದಲ್ಲಿ ಮೋಸ, ಕಂಡಕಂಡ ಹೆಸರಿನ ಕಡಿತ. ಗುಟ್ಟು ದುರ್ಬಲನನ್ನು ಕಾಯಬಲ್ಲದು, ಬಲಿಷ್ಠನ ಕೈಗೆ ಸಿಕ್ಕರೆ ದುರ್ಬಲನನ್ನೇ ಕುರುಡಾಗಿಸಲೂ ಬಲ್ಲದು.

ಈ ಅನ್ಯಾಯಕ್ಕೆ ಉತ್ತರವಾಗಿ ಬಂದುದು ನಿಯಂತ್ರಿತ ಮಾರುಕಟ್ಟೆ. ನಿಜಾಮರಿಂದ ಬ್ರಿಟಿಷರು ಆಡಳಿತಕ್ಕೆ ಪಡೆದಿದ್ದ ಬೇರಾರ್ ಪ್ರಾಂತ್ಯದ ಕಾರಂಜಾದಲ್ಲಿ 1886ರಲ್ಲಿ ಅಂಥ ಮೊದಲ ಮಾರುಕಟ್ಟೆ ಆರಂಭವಾಯಿತು. 1897ರಲ್ಲಿ ಬೇರಾರಿಗೆ ಕಾಯಿದೆಯೂ ಬಂತು. 1928ರಲ್ಲಿ ಕೃಷಿ ಕುರಿತ ರಾಯಲ್ ಕಮಿಷನ್ ಇಂಥ ಮಾರುಕಟ್ಟೆಗಳನ್ನು ದೇಶದ ಎಲ್ಲೆಡೆ ಸ್ಥಾಪಿಸಬೇಕೆಂದು ಶಿಫಾರಸು ಮಾಡಿತು. ಕಲಬುರಗಿ ಆಗ ಸೇರಿದ್ದ ಹೈದರಾಬಾದ್ ಸಂಸ್ಥಾನ ತನ್ನ ಕೃಷಿ ಮಾರುಕಟ್ಟೆ ಕಾಯಿದೆಯನ್ನು ಮಾಡಿದ್ದು 1930ರಲ್ಲಿ, ಅಂದರೆ ಫಸಲಿ ಲೆಕ್ಕದ 1339ರಲ್ಲಿ. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, 1966ರ ಮಾರುಕಟ್ಟೆ ಕಾಯಿದೆಯ ಆಡಳಿತ ಬಂತು. ಪರವಾನಗಿ ಇಲ್ಲದವನು ವ್ಯಾಪಾರ ಮಾಡುವಂತಿಲ್ಲ, ದರ ಬಹಿರಂಗವಾಗಬೇಕು, ತಕರಾರು ಬಂದರೆ ಸಮಿತಿ ಕೇಳಬೇಕು, ಇವು ಈ ಏರ್ಪಾಡಿನ ತಿರುಳು.

ಪರದೆಯ ಮೇಲಿನ ಟೆಂಡರ್

2014ರಲ್ಲಿ ಕರ್ನಾಟಕ ಸರ್ಕಾರ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿತು. ಇದರ ಕ್ರಮ ಸರಳ. ರೈತನ ಮಾಲಿಗೆ ಒಂದು ಲಾಟ್ ಸಂಖ್ಯೆ ಕೊಡಲಾಗುತ್ತದೆ. ಖರೀದಿದಾರರು ಮಾಲು ನೋಡಿ, ತಮ್ಮ ತಮ್ಮ ಗುಪ್ತ ಸಂಕೇತ ಬಳಸಿ ಕಂಪ್ಯೂಟರಿನಲ್ಲಿ ದರ ನಮೂದಿಸುತ್ತಾರೆ. ಗೊತ್ತಾದ ಹೊತ್ತಿನ ತನಕ ಒಬ್ಬರ ದರ ಇನ್ನೊಬ್ಬರಿಗೆ ಕಾಣದು. ಹೊತ್ತು ಮುಗಿದೊಡನೆ ಅತಿ ಹೆಚ್ಚಿನ ದರ ಎಲ್ಲರಿಗೂ ತಿಳಿಯುತ್ತದೆ. ಒಪ್ಪುವ, ಬಿಡುವ ಹಕ್ಕು ರೈತನದು. ಬಟ್ಟೆಯ ಕೆಳಗಿನ ಗುಟ್ಟು ರೈತನ ವಿರುದ್ಧವಿತ್ತು, ಪರದೆಯ ಹಿಂದಿನ ಗುಟ್ಟು ಅವನ ಪರವಾಗಿ ಬಂತು.

2016ರ ಏಪ್ರಿಲ್‌ನ ಒಂದೇ ವಾರದಲ್ಲಿ ಇನ್ನೆರಡು ಸಂಗತಿಗಳು ನಡೆದವು. 11ರಂದು ಯುಪಿಐ ಪಾವತಿ ವ್ಯವಸ್ಥೆ ಆರಂಭವಾಯಿತು, 14ರಂದು ರಾಷ್ಟ್ರೀಯ ಕೃಷಿ ಮಾರುಕಟ್ಟೆಯಾದ ಇ-ನಾಮ್ ಉದ್ಘಾಟನೆಯಾಯಿತು. ಹಣ ಕೈಯಿಂದ ಕೈಗೆ ಹೋಗುವ ಬದಲು ಖಾತೆಯಿಂದ ಖಾತೆಗೆ ಹರಿಯತೊಡಗಿತು. ಅದರ ಬೆನ್ನಿಗೇ ಕಳ್ಳನೂ ಬಂದ. ಸರ್ಕಾರಿ ವ್ಯವಸ್ಥೆಯೂ ಇದಕ್ಕೆ ಹೊರತಲ್ಲ. 2019ರಲ್ಲಿ ಕರ್ನಾಟಕ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಜಾಲತಾಣಕ್ಕೇ ಕನ್ನ ಬಿದ್ದು, ಗುತ್ತಿಗೆದಾರರ ಮುಂಗಡ ಠೇವಣಿಯ 11 ಕೋಟಿ ರೂಪಾಯಿಗೂ ಹೆಚ್ಚು ಹಣ ಅಕ್ರಮವಾಗಿ ವರ್ಗವಾಗಿತ್ತು.

ಕಾವಲು ಸಂಸ್ಥೆಗಳ ಹುಟ್ಟು

ಜಾಲಕ್ಕೊಂದು ಕಾವಲು ಸಂಸ್ಥೆ ಬೇಕೆಂದು ಜಗತ್ತಿಗೆ ಅರಿವಾದದ್ದು 1988ರ ನವೆಂಬರಿನಲ್ಲಿ. ಅಮೆರಿಕದ ವಿದ್ಯಾರ್ಥಿಯೊಬ್ಬ ಹರಿಯಬಿಟ್ಟ ‘ಮಾರಿಸ್ ಹುಳು’ ಎಂಬ ಪ್ರೋಗ್ರಾಮು ಸಾವಿರಾರು ಕಂಪ್ಯೂಟರುಗಳನ್ನು ಸ್ತಬ್ಧಗೊಳಿಸಿತು. ಅದೇ ತಿಂಗಳು ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ತುರ್ತು ಸ್ಪಂದನ ತಂಡ ‘ಸರ್ಟ್’ ಹುಟ್ಟಿತು. ಭಾರತದಲ್ಲಿ ಜನಸಾಮಾನ್ಯರಿಗೆ ಅಂತರಜಾಲ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಮಾಹಿತಿ ತಂತ್ರಜ್ಞಾನ ಕಾಯಿದೆ 2000ದ ಅಕ್ಟೋಬರ್ 17ರಂದು ಜಾರಿಗೆ ಬಂತು. ಮರುವರ್ಷವೇ ಬೆಂಗಳೂರಿನಲ್ಲಿ ಸೈಬರ್ ಅಪರಾಧಗಳಿಗೆಂದೇ ಪೊಲೀಸ್ ಠಾಣೆ ಸ್ಥಾಪನೆಯಾಯಿತು. ದೇಶದಲ್ಲಿ ಅಂಥ ಠಾಣೆ ಅದೇ ಮೊದಲು. 2004ರಲ್ಲಿ ರಾಷ್ಟ್ರಮಟ್ಟದ ‘ಸರ್ಟ್-ಇನ್’ ಕೆಲಸ ಆರಂಭಿಸಿತು. 2008ರ ತಿದ್ದುಪಡಿ ಬೇರೊಬ್ಬರ ಗುರುತಿನ ಕಳವನ್ನೂ ಕಂಪ್ಯೂಟರ್ ಮೂಲಕ ವೇಷ ಹಾಕಿ ವಂಚಿಸುವುದನ್ನೂ ಪ್ರತ್ಯೇಕ ಅಪರಾಧಗಳೆಂದು ಸಾರಿತು.

ಪೊಲೀಸರ ಕೆಲಸ ಅಪರಾಧವಾದ ಮೇಲಿನದು. ಅದಕ್ಕೆ ಮುಂಚಿನ ಅರಿವಿನ ಕೆಲಸಕ್ಕಾಗಿ 2005ರಲ್ಲಿ ಕೇಂದ್ರ ಸರ್ಕಾರ ಮಾಹಿತಿ ಸುರಕ್ಷತೆಯ ಶಿಕ್ಷಣ ಮತ್ತು ಜಾಗೃತಿ ಯೋಜನೆಯನ್ನು ಕೈಗೊಂಡಿತು. ಅದರ ಜಾಗೃತಿ ಸಾಹಿತ್ಯವನ್ನು ಭಾರತೀಯ ಭಾಷೆಗಳಲ್ಲಿ ಸಿದ್ಧಪಡಿಸುವ ಹೊಣೆ ಹೈದರಾಬಾದಿನ ಸಿ-ಡ್ಯಾಕ್ ಸಂಸ್ಥೆಯ ಮೇಲಿದೆ. ತಕ್ಕಡಿಯ ಮೋಸಕ್ಕೆ ತಡೆಯೊಡ್ಡಿದ ಕಾಯಿದೆ ಬಂದ ಊರಿನಿಂದಲೇ ಫೋನಿನ ಮೋಸಕ್ಕೆ ಎಚ್ಚರಿಕೆಯೂ ಬರುತ್ತಿರುವುದು ಕಾಕತಾಳೀಯವಾದರೂ ಗಮನಾರ್ಹ. ರಾಜ್ಯದ ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ‘ಸೆನ್’ ಠಾಣೆಗಳಿವೆ, ಕಲಬುರಗಿಯಲ್ಲೂ ಇದೆ. ಬೆಂಗಳೂರಿನ ಸಿಐಡಿ ಕೇಂದ್ರ ಕಚೇರಿಯಲ್ಲಿ 2019ರಲ್ಲಿ ತನಿಖಾಧಿಕಾರಿಗಳಿಗೆ ಸೈಬರ್ ತರಬೇತಿ ಕೇಂದ್ರ ತೆರೆಯಿತು.

ಒಂದು ಸಂಖ್ಯೆ, ಕೆಲವೇ ಗಳಿಗೆ

ಇವೆಲ್ಲಕ್ಕಿಂತ ಸಾಮಾನ್ಯನಿಗೆ ಹತ್ತಿರವಾದುದು ಕೇಂದ್ರ ಗೃಹ ಸಚಿವಾಲಯದ ಸಹಾಯವಾಣಿ. 2021ರ ಏಪ್ರಿಲ್‌ನಲ್ಲಿ 155260 ಎಂಬ ಸಂಖ್ಯೆಯಿಂದ ಆರಂಭವಾದ ಇದು ನಂತರ ನಾಲ್ಕೇ ಅಂಕಿಗಳ 1930 ಆಯಿತು. ಹೈದರಾಬಾದಿನ ಮಾರುಕಟ್ಟೆ ಕಾಯಿದೆಯ ಇಸವಿಯೂ ಅದೇ ಆಗಿರುವುದರಿಂದ ಗಂಜಿನವರಿಗೆ ನೆನಪಿಟ್ಟುಕೊಳ್ಳಲು ಸುಲಭ.

ಇದರ ಬಲವಿರುವುದು ವೇಗದಲ್ಲಿ. ದೂರು ದಾಖಲಾದೊಡನೆ ಹಣ ಹೋಗಿ ಸೇರಿದ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಹಣ ಇನ್ನೂ ಅಲ್ಲಿದ್ದರೆ ಅದನ್ನು ತಡೆಹಿಡಿಯುತ್ತಾರೆ, ಮುಂದಕ್ಕೆ ಹೋಗಿದ್ದರೆ ಸೂಚನೆಯೂ ಅದರ ಬೆನ್ನುಹತ್ತಿ ಮುಂದಿನ ಬ್ಯಾಂಕಿಗೆ ಹೋಗುತ್ತದೆ. ಕಳ್ಳ ಹಣವನ್ನು ಖಾತೆಯಿಂದ ಖಾತೆಗೆ ಹಂಚಿ ನಗದು ಮಾಡಿಕೊಳ್ಳುವ ಮೊದಲು ಈ ಓಟ ಮುಗಿಯಬೇಕು. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯೂ ವೇಗಕ್ಕೇ ಬೆಲೆ ಕೊಟ್ಟಿತು. ತಪ್ಪು ಗ್ರಾಹಕನದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂದಾದಾಗ, ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನಿಗೆ ನಷ್ಟದ ಹೊಣೆ ಇಲ್ಲವೆಂದು ಅದು ಹೇಳಿತು. ಗುಪ್ತಸಂಖ್ಯೆಯನ್ನು ತಾನೇ ಹೇಳಿಕೊಟ್ಟವನಿಗೆ ಆ ರಕ್ಷಣೆ ಇಲ್ಲ. ಆದರೂ ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದೆಂದು ಸ್ಪಷ್ಟಪಡಿಸಿತು. ಯುಪಿಐನಲ್ಲಿ ಗುಪ್ತಸಂಖ್ಯೆ ಒತ್ತಬೇಕಾದದ್ದು ಹಣ ಕೊಡುವಾಗ ಮಾತ್ರ, ಪಡೆಯುವಾಗ ಅಲ್ಲ. ಈ ಒಂದು ಮಾತು ತಿಳಿದಿದ್ದರೂ ಅನೇಕ ಮೋಸಗಳು ಬಾಗಿಲಲ್ಲೇ ನಿಲ್ಲುತ್ತವೆ.

ಇಷ್ಟಿದ್ದೂ ಹಣ ಹೋಗುವುದು ಏಕೆ? ತೂಕದಲ್ಲಿ ಮೋಸವಾದರೆ ರೈತ ಗಂಜಿನಲ್ಲೇ ದನಿ ಎತ್ತಬಲ್ಲ. ಹತ್ತು ಜನ ಕೂಡುತ್ತಾರೆ, ಸಮಿತಿಯ ಕಚೇರಿ ಅಲ್ಲೇ ಇದೆ. ಫೋನಿನಲ್ಲಿ ಅವನು ಒಬ್ಬಂಟಿ. ವಂಚಕ ಮೊದಲು ಹೇಳುವ ಮಾತೇ ‘ಯಾರಿಗೂ ಹೇಳಬೇಡಿ’ ಎಂಬುದು. ‘ಡಿಜಿಟಲ್ ಅರೆಸ್ಟ್’ ಎಂಬ ಹೆಸರಿನ ಮೋಸ ನಿಂತಿರುವುದೇ ಈ ಒಂಟಿತನದ ಮೇಲೆ. ಅಂಥದೊಂದು ಬಂಧನ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿ ತಮ್ಮ ಬಾನುಲಿ ಭಾಷಣದಲ್ಲಿ ಈ ಮೋಸದ ಬಗ್ಗೆ ಎಚ್ಚರಿಸಿದಾಗ ಉದಾಹರಣೆಯಾಗಿ ಬಂದುದು ನೆರೆಯ ವಿಜಯಪುರದ ನಿವಾಸಿಯೊಬ್ಬರಿಗೆ ಬಂದಿದ್ದ ಕರೆ. ಅವರು ಹೆದರದೆ ಅದನ್ನು ಮುದ್ರಿಸಿಕೊಂಡು ನಾಲ್ಕು ಜನರಿಗೆ ಕಾಣುವಂತೆ ಮಾಡಿದ್ದರು.

ಹುಂಡಿ ಉಳಿದದ್ದು ಪೇಟೆಯ ಸಾಕ್ಷಿಯಿಂದ, ತೂಕ ನೆಟ್ಟಗಾದದ್ದು ರೈತ ದೂರು ಕೊಡಲು ಒಂದು ಕಚೇರಿ ಹುಟ್ಟಿದ್ದರಿಂದ. ಸಂಸ್ಥೆಗಳು ಎಷ್ಟೇ ಇರಲಿ, ಮೋಸ ಹೋದವನು ನಾಚಿ ಸುಮ್ಮನಾದರೆ ಅವುಗಳ ಕೈ ಕಟ್ಟಿದಂತೆ. ವರ್ಷದ ಬೆಳೆಯ ಹಣ ಖಾತೆಗೆ ಬಿದ್ದ ದಿನ ಮನೆಯವರೊಡನೆ, ಅಡತಿಯವರೊಡನೆ, ಬ್ಯಾಂಕಿನವರೊಡನೆ ಒಂದು ಮಾತು ಆಡುವುದು, ಸಂಶಯ ಬಂದ ಗಳಿಗೆಯಲ್ಲೇ 1930ಕ್ಕೆ ತಿಳಿಸುವುದು, ಇಷ್ಟು ಮಾಡಿದರೆ ಗಂಜಿನ ಹಳೆಯ ಕಾವಲೇ ಹೊಸ ಜಾಲಕ್ಕೂ ಒದಗುತ್ತದೆ.