ಹಿಂದಿನ ಚಕ್ರದ ಡ್ರಮ್ಮಿಗೂ ಒಂದು ಚರಿತ್ರೆಯಿದೆ

1966ರಲ್ಲಿ ಇಟಲಿಯ ಟ್ಯೂರಿನ್ನಿನಲ್ಲಿ ತಯಾರಾದ ಫಿಯೆಟ್ 124 ಸಾಧಾರಣ ಸಂಸಾರಸ್ಥರ ಕಾರು. ಮರುವರ್ಷ ಯೂರೋಪಿನ ‘ವರ್ಷದ ಕಾರು’ ಎಂಬ ಪ್ರಶಸ್ತಿ ಅದಕ್ಕೆ ಬಂತು. ದೊಡ್ಡ ಕಾರುಗಳಿಗೂ ಅಪರೂಪವಾಗಿದ್ದ ಒಂದು ಅನುಕೂಲ ಅದಕ್ಕಿತ್ತು: ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕ್. ಅದೇ ಕಾರು 1970ರಲ್ಲಿ ರಷ್ಯದ ವೋಲ್ಗಾ ದಂಡೆಯ ತೋಲ್ಯಾಟ್ಟಿಯ ಕಾರ್ಖಾನೆಯಲ್ಲಿ ಲಾಡಾದ ಮೊದಲ ಮಾದರಿಯಾಗಿ ಹುಟ್ಟಿದಾಗ ಹಿಂದಿನ ಡಿಸ್ಕ್ ಹೋಗಿ ಡ್ರಮ್ ಬಂದಿತ್ತು. ಮುಂದೆ ಅಲ್ಲಿನ ಮಾಲೀಕರೇ ಆ ಡ್ರಮ್ ಬಿಚ್ಚಿ, ಕೈಗೆಟುಕುವ ದುಡ್ಡಿನಲ್ಲಿ ಮತ್ತೆ ಡಿಸ್ಕ್ ಕೂರಿಸತೊಡಗಿದರು.

ನಾನು ಬೆಂಗಳೂರಿನ ಜೆ.ಸಿ. ರಸ್ತೆಯ ಪಕ್ಕದ ಗಲ್ಲಿಯೊಂದರಲ್ಲಿ ಬ್ರೇಕ್ ಲೈನಿಂಗ್ ಕೆಲಸ ಕಲಿತವನು. ಅಂಬಾಸಿಡರ್, ಪದ್ಮಿನಿ ಕಾರುಗಳ ಶೂ, ಅಂದರೆ ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಬಾಗಿದ ತುಂಡು ಬಂದರೆ ಹಳೇ ರಿವೆಟ್‌ಗಳನ್ನು ಉಳಿಯಲ್ಲಿ ಹಾರಿಸಿ, ಹೊಸ ಲೈನಿಂಗ್ ಇಟ್ಟು ರಿವೆಟ್ ಹೊಡೆಯುತ್ತಿದ್ದೆವು. ಡ್ರಮ್ಮಿನ ಒಳಮೈಯಲ್ಲಿ ಗೀರು ಬಿದ್ದಿದ್ದರೆ ಲೇತಿಗೆ ಹಾಕಿ ನುಣುಪು ಮಾಡಿಸುತ್ತಿದ್ದೆವು. ಅಂದಿನ ಲೈನಿಂಗಿನಲ್ಲಿ ಕಲ್ನಾರು ಇರುತ್ತಿತ್ತು. ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸುವುದು ಎಲ್ಲ ಕಡೆಯ ರೂಢಿ. ಅದು ಶ್ವಾಸಕೋಶಕ್ಕೆ ವಿಷವೆಂದು ನಮಗೆ ಹೇಳಿದವರಿಲ್ಲ. ಮಾರುತಿ 800 ಮುಂದಿನ ಚಕ್ರಕ್ಕೆ ಡಿಸ್ಕ್ ಹೊತ್ತು ಬಂದ ಮೇಲೆ ನಮಗೆ ಮುಂದಿನ ಶೂಗಳ ಕೆಲಸ ಇಳಿಯಿತು, ಹಿಂದಿನದು ಉಳಿಯಿತು. ಈಗ ಹುಡುಗರು ಬಂದು, “ಅಂಕಲ್, ಹಿಂದಕ್ಕೂ ಡಿಸ್ಕ್ ಹಾಕಿಸಬೇಕು, ಕಮ್ಮಿ ಖರ್ಚಲ್ಲಿ ಆಗುತ್ತಾ?” ಎಂದು ಕೇಳುತ್ತಾರೆ. ಅವರನ್ನು ಕೂರಿಸಿಕೊಂಡು ನಾನು ಹೇಳುವುದು ಈ ಲಾಡಾದ ಕತೆ. ಆ ಮನೆತನ ನಮಗೆ ಹೊಸದೇನಲ್ಲ. 1985ರಲ್ಲಿ ಬಂದ ಪ್ರೀಮಿಯರ್ 118 ಎನ್‌ಇಯ ಮೈಕಟ್ಟು ಫಿಯೆಟ್ 124ರ ಸ್ಪೇನ್ ದೇಶದ ಒಡಹುಟ್ಟಾದ ಸಿಯಾಟ್ ಕಾರಿನದು. ಎಂಜಿನ್ ಮಾತ್ರ ನಿಸಾನಿನದು.

ಡಿಸ್ಕ್ ಹೊಸದು, ಡ್ರಮ್ ಹಳೆಯದು ಎಂಬ ನಂಬಿಕೆಯನ್ನು ಮೊದಲು ಬಿಡಬೇಕು. ಎರಡೂ ಹೆಚ್ಚುಕಮ್ಮಿ ಒಂದೇ ವಯಸ್ಸಿನವು. 1902ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದ. ಫ್ರಾನ್ಸಿನಲ್ಲಿ ಲೂಯಿ ರೆನೋ ಡ್ರಮ್ ಬ್ರೇಕನ್ನು ರೂಢಿಗೆ ತಂದದ್ದೂ ಅದೇ ಕಾಲದಲ್ಲಿ. ಮುಂದಿನ ಅರ್ಧ ಶತಮಾನ ಡ್ರಮ್ಮಿನದೇ ಆಯಿತು. ಅದಕ್ಕೆ ಗಟ್ಟಿ ಕಾರಣವಿದೆ. ತಿರುಗುವ ಡ್ರಮ್ ಮುಂಭಾಗದ ಶೂವನ್ನು ತಾನೇ ಎಳೆದುಕೊಳ್ಳುತ್ತದೆ. ಬಾಗಿಲ ಸಂದಿಗೆ ಸಿಕ್ಕಿಸಿದ ಬೆಣೆಯಂತೆ ಅದು ತಳ್ಳಿದಷ್ಟೂ ಬಿಗಿಯುತ್ತದೆ. ಕಾಲಿನ ಬಲ ಸ್ವಲ್ಪ ಸಾಕು. ಡಿಸ್ಕಿಗೆ ಈ ಗುಣವಿಲ್ಲ. ಅದನ್ನು ಎರಡೂ ಬದಿಯಿಂದ ಅದುಮುವ ಪ್ಯಾಡುಗಳು ಒತ್ತಿದಷ್ಟೇ ಹಿಡಿಯುತ್ತವೆ. ಭಾರದ ಕಾರಿಗೆ ಕಾಲಿನ ಬಲವನ್ನು ಹೆಚ್ಚಿಸುವ ಬೂಸ್ಟರ್ ಬೇಕಾಗುತ್ತದೆ.

ಡ್ರಮ್ಮಿನ ಶತ್ರು ಬಿಸಿ. ಚಾರ್ಮಾಡಿ ಘಾಟಿಯನ್ನು ಬ್ರೇಕ್ ಮೇಲೇ ಇಳಿಸಿಕೊಂಡು ಬಂದ ಅಂಬಾಸಿಡರಿನ ಚಕ್ರದ ಹತ್ತಿರ ಕೈಯಿಟ್ಟವರಿಗೆ ಇದನ್ನು ವಿವರಿಸಬೇಕಿಲ್ಲ. ಕಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಲೈನಿಂಗ್ ಹಿಡಿತ ಬಿಡುತ್ತದೆ, ಪೆಡಲು ಕೆಳಗಿಳಿಯುತ್ತದೆ. ಗಾಳಿಗೆ ತೆರೆದುಕೊಂಡ ಡಿಸ್ಕ್ ಬೇಗ ತಣಿಯುತ್ತದೆ. ಇದು ಜಗತ್ತಿಗೆ ಎದ್ದು ಕಂಡದ್ದು 1953ರಲ್ಲಿ. ಆ ವರ್ಷ ಫ್ರಾನ್ಸಿನ ಲ ಮಾನ್ಸ್‌ನ 24 ಗಂಟೆಗಳ ಓಟವನ್ನು ಡನ್‌ಲಪ್ ಡಿಸ್ಕ್ ಬ್ರೇಕ್ ತೊಟ್ಟ ಜಾಗ್ವಾರ್ ಸಿ-ಟೈಪ್ ಗೆದ್ದಿತು. 1955ರಲ್ಲಿ ಸಿತ್ರೋಯನ್ ಡಿಎಸ್ ಮುಂದಿನ ಚಕ್ರಗಳಿಗೆ ಡಿಸ್ಕ್ ತಂದಿತು. ಅಲ್ಲಿಂದ ಹನ್ನೊಂದೇ ವರ್ಷದಲ್ಲಿ ಫಿಯೆಟ್ 124ರ ಹಿಂಚಕ್ರಕ್ಕೂ ಅದು ತಲುಪಿತು.

ಹಾಗಿದ್ದ ಮೇಲೆ ರಷ್ಯದವರು ಅದನ್ನು ತೆಗೆದದ್ದೇಕೆ? 1966ರಲ್ಲಿ ಫಿಯೆಟ್ ಜೊತೆ ಒಪ್ಪಂದವಾದ ಮೇಲೆ ಇಟಲಿಯ ಕಾರುಗಳನ್ನು ಸೋವಿಯತ್ ರಸ್ತೆಗಳ ಮೇಲೆ ಓಡಿಸಿ ಪರೀಕ್ಷಿಸಿದರು. ಕೆಸರು, ಕಲ್ಲು, ಹಿಮ. ಮುಂದಿನ ಚಕ್ರ ಎರಚಿದ್ದೆಲ್ಲ ಹಿಂದಿನ ತೆರೆದ ಡಿಸ್ಕಿನ ಮೇಲೆ. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಹಿಂಚಕ್ರದ ಪಾಲಿಗೆ ಬರುವ ಕೆಲಸವೇ ಕಡಿಮೆ. ಆ ಕಡಿಮೆ ಕೆಲಸಕ್ಕೆ ಅಲ್ಲಿನ ಪ್ಯಾಡುಗಳು ಮಣ್ಣು ತಿಂದು ಬೇಗ ಸವೆದವು. ತೋಲ್ಯಾಟ್ಟಿಯ ಕಾರಿನಲ್ಲಿ ಒಟ್ಟು 800ಕ್ಕೂ ಹೆಚ್ಚು ಬದಲಾವಣೆಗಳಾದವು ಎನ್ನುತ್ತಾರೆ. ಮೈಕಟ್ಟು ಗಟ್ಟಿಯಾಯಿತು, ನೆಲದಿಂದ ಎತ್ತರ ಹೆಚ್ಚಿತು, ಹಿಂದಕ್ಕೆ ಎರಕದ ಕಬ್ಬಿಣದ ಒಳಬಳೆಯಿದ್ದ ಅಲ್ಯೂಮಿನಿಯಂ ಡ್ರಮ್ ಬಂತು. ಹೆಚ್ಚು ಕೆಲಸವಿದ್ದ ಮುಂದಿನ ಚಕ್ರದಲ್ಲಿ ಡಿಸ್ಕ್ ಹಾಗೇ ಉಳಿಯಿತು. ರಸ್ತೆ ನೋಡಿ ಮಾಡಿದ ಈ ಹಂಚಿಕೆಯನ್ನು ನಾನು ಒಳ್ಳೆಯ ಎಂಜಿನಿಯರಿಂಗ್ ಎಂದು ತುಂಬು ಮನಸ್ಸಿನಿಂದ ಹೇಳುತ್ತೇನೆ. ಆ ಡ್ರಮ್ಮಿನ ಸಮೇತ ಈ ಕಾರಿನ ವಂಶ ರಷ್ಯದಲ್ಲಿ 2012ರವರೆಗೂ ತಯಾರಾಗುತ್ತಿತ್ತು.

ಮರಳಿ ಡಿಸ್ಕ್ ಹಾಕುವ ದಾರಿ ತೆರೆದದ್ದು ಅದೇ ಕಾರ್ಖಾನೆಯ ಇನ್ನೊಂದು ಕಾರಿನಿಂದ. 1984ರಲ್ಲಿ ಮುಂಚಕ್ರ ಚಾಲನೆಯ 2108 ಮಾದರಿ ಬಂತು. ಹಳೇ ಲಾಡಾದಲ್ಲೂ ಹೊಸದರಲ್ಲೂ ಚಕ್ರದ ನಾಲ್ಕು ಬೋಲ್ಟ್‌ಗಳು ಕೂರುವ ವೃತ್ತದ ಅಳತೆ ಒಂದೇ: 98 ಮಿಲಿಮೀಟರ್. ಹೀಗಾಗಿ ಹೊಸ ಕಾರಿನ ಮುಂದಿನ ಡಿಸ್ಕ್‌ಗಳನ್ನೂ ಪ್ಯಾಡುಗಳನ್ನು ಒತ್ತುವ ಕ್ಯಾಲಿಪರ್‌ಗಳನ್ನೂ ತಂದು ಹಳೆಯದರ ಹಿಂದಿನ ಆ್ಯಕ್ಸಲಿಗೆ ಹೊಂದಿಸಬಹುದಾಯಿತು. ಡ್ರಮ್ಮಿನ ಹಿಂದಿನ ತಗಡು ಇದ್ದ ಜಾಗಕ್ಕೆ, ಕ್ಯಾಲಿಪರ್ ಹಿಡಿಯುವ ದಪ್ಪ ಉಕ್ಕಿನ ಪ್ಲೇಟೊಂದನ್ನು ಕೊರೆಸಿದರೆ ಆಯಿತು. ಬಿಡಿಭಾಗ ಎಲ್ಲೆಡೆ ಸಿಗುವಂಥದು, ಕೆಲಸ ಲೇತ್ ಅಂಗಡಿಯದು.

ಅಗ್ಗದ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಮುಂದಿನ ಚಕ್ರದ ಕ್ಯಾಲಿಪರಿನಲ್ಲಿ ಹ್ಯಾಂಡ್ ಬ್ರೇಕಿಗೆ ಏರ್ಪಾಡಿಲ್ಲ. ಡ್ರಮ್ಮಿನೊಳಗೆ ಒಂದು ಕೇಬಲ್, ಒಂದು ಲಿವರ್ ಸಲೀಸಾಗಿ ಮಾಡುತ್ತಿದ್ದ ಕೆಲಸ ನಿಂತೇಹೋಗುತ್ತದೆ. ಆ ಕ್ಯಾಲಿಪರಿನ ದೊಡ್ಡ ಪಿಸ್ಟನ್ನಿಗೆ ಹೆಚ್ಚು ಬ್ರೇಕ್ ಆಯಿಲ್ ಬೇಕು. ಆ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರ್ ಹಳೆಯದೇ ಇದ್ದರೆ ಪೆಡಲು ಉದ್ದಕ್ಕೆ ಇಳಿಯುತ್ತದೆ. ಎಲ್ಲಕ್ಕಿಂತ ಅಪಾಯದ್ದು ಸಮತೋಲ. ಹಿಂದಿನ ಚಕ್ರ ಮುಂದಿನದಕ್ಕಿಂತ ಮೊದಲು ಕಚ್ಚಿಕೊಂಡರೆ ಕಾರು ಗಿರಕಿ ಹೊಡೆಯುತ್ತದೆ. ಇದನ್ನು ತಡೆಯಲೆಂದೇ ಹಿಂದಿನ ಬ್ರೇಕಿನ ಒತ್ತಡವನ್ನು ಕಾರಿನ ಭಾರಕ್ಕೆ ತಕ್ಕಂತೆ ಇಳಿಸುವ ರೆಗ್ಯುಲೇಟರ್ ಲಾಡಾದಲ್ಲಿತ್ತು. ಅದನ್ನು ಹೊಂದಿಸದೆ ಬರೀ ಡಿಸ್ಕ್ ಕೂರಿಸಿದವರು ಬ್ರೇಕನ್ನು ಕೆಡಿಸಿಕೊಂಡಂತೆಯೇ.

ಅಮೆರಿಕದ ಗುಜರಿಗಳಲ್ಲಿ ಇದೇ ಪ್ರಶ್ನೆಗೆ ಇನ್ನೊಂದು ಉತ್ತರ ಸಿಕ್ಕಿತು. 1995ರಿಂದ ಫೋರ್ಡ್ ಎಕ್ಸ್‌ಪ್ಲೋರರಿಗೆ ಹಿಂದಿನ ಡಿಸ್ಕ್ ಬಂದ ಮೇಲೆ, ಹಳೇ ಜೀಪು, ಫೋರ್ಡುಗಳಿದ್ದವರು ಬಿಡಿ ಬಿಡಿ ಭಾಗ ಹುಡುಕುವ ಬದಲು ಅದರ ಇಡೀ ಆ್ಯಕ್ಸಲನ್ನೇ ಕಿತ್ತು ತಂದು ಹಾಕಿಕೊಂಡರು. ಆ ಡಿಸ್ಕಿನ ನಡುವಿನ ಟೋಪಿಯಂಥ ಭಾಗದೊಳಗೆ ಹ್ಯಾಂಡ್ ಬ್ರೇಕಿಗೆಂದು ಪುಟ್ಟ ಶೂಗಳಿವೆ. ಅಂದರೆ ಡಿಸ್ಕಿನ ಹೊಟ್ಟೆಯಲ್ಲೇ ಒಂದು ಡ್ರಮ್ ಬದುಕಿದೆ.

ಆದ್ದರಿಂದ ನನ್ನ ಹತ್ತಿರ ಬರುವ ಹುಡುಗರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ಕೈಯಲ್ಲಿ ಇರುವುದು ಸ್ವಲ್ಪವೇ ದುಡ್ಡಾದರೆ ಮೊದಲು ಇರುವ ಡ್ರಮ್ಮನ್ನು ಸರಿಮಾಡಿಸಿ: ಹೊಸ ಶೂ, ಸೋರದ ವೀಲ್ ಸಿಲಿಂಡರ್, ಹೊಸ ಬ್ರೇಕ್ ಆಯಿಲ್, ಸರಿಯಾದ ಅಡ್ಜಸ್ಟ್‌ಮೆಂಟ್. ಊರೊಳಗೆ ಓಡುವ ಸಣ್ಣ ಕಾರಿಗೆ ಇಷ್ಟು ಸಾಕು. ಘಾಟಿಯಲ್ಲಿ ಭಾರ ಹೊತ್ತು ಓಡಿಸುವವರು ಡಿಸ್ಕ್ ಬೇಕೇಬೇಕೆಂದರೆ, ಅದೇ ಮಾದರಿಯ ಮೇಲಿನ ದರ್ಜೆಯ ಕಾರಿಗೆ ಕಂಪನಿಯೇ ಕೊಟ್ಟ ಪೂರ್ತಿ ಜೋಡಣೆಯನ್ನು ಹುಡುಕಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಏನು ಹೇಳುತ್ತದೆಂದು ಆರ್‌ಟಿಒದಲ್ಲಿ ವಿಚಾರಿಸಿ. ಹ್ಯಾಂಡ್ ಬ್ರೇಕ್ ಇಲ್ಲದ ಕಾರನ್ನು ಮಾತ್ರ ಎಷ್ಟು ಅಗ್ಗವಾದರೂ ರಸ್ತೆಗೆ ತರಬೇಡಿ.