ಅನ್ಯಗ್ರಹದ ಆಗಂತುಕರು: ಒಂದು ಕಲ್ಪನೆಯ ಇತಿಹಾಸ

ಬೇರೆ ಲೋಕದ ಬುದ್ಧಿವಂತ ಜೀವಿಗಳು ಭೂಮಿಗೆ ಬಂದಿಳಿಯುವ ಕಲ್ಪನೆ ಸಾಹಿತ್ಯ, ಸಿನಿಮಾ ಮತ್ತು ಖಗೋಳ ವಿಜ್ಞಾನಗಳಲ್ಲಿ ಇನ್ನೂರೈವತ್ತು ವರ್ಷಗಳಿಂದ ಬೆಳೆದುಬಂದಿದೆ. ಹಾಗೆ ಯಾರಾದರೂ ಬಂದದ್ದಕ್ಕೆ ವಿಜ್ಞಾನ ಒಪ್ಪುವಂಥ ಪುರಾವೆ ಇದುವರೆಗೆ ಸಿಕ್ಕಿಲ್ಲ. ಕಲ್ಪನೆಯನ್ನು ಇಷ್ಟು ಕಾಲ ಜೀವಂತವಾಗಿಟ್ಟಿರುವುದು ಒಂದು ಪ್ರಶ್ನೆ: ಬಂದವರು ಯಾತಕ್ಕೆ ಬಂದರು? ಗೆಲ್ಲಲು, ಕಾಯಲು, ತಿದ್ದಲು, ಇಲ್ಲವೇ ನಮ್ಮ ಗೊಡವೆಯೇ ಬೇಡವೆಂದು ಹಾದುಹೋಗಲು ಎಂಬ ಉತ್ತರಗಳು ಕಾಲಕಾಲಕ್ಕೆ ಬದಲಾಗಿವೆ. ಆಯಾ ಕಾಲದ ಬಲಶಾಲಿಗಳು ಭೂಮಿಯ ಮೇಲೆಯೇ ದುರ್ಬಲರನ್ನು ಹೇಗೆ ನಡೆಸಿಕೊಂಡರು ಎಂಬುದರ ನೆನಪು ಆ ಉತ್ತರಗಳ ಬೆನ್ನಿಗಿದೆ.

ಆರಂಭದ ಮುಖ್ಯ ಕೃತಿಗಳಲ್ಲೊಂದು ಫ್ರೆಂಚ್ ಲೇಖಕ ವೋಲ್ಟೇರ್ 1752ರಲ್ಲಿ ಪ್ರಕಟಿಸಿದ ‘ಮೈಕ್ರೋಮೆಗಾಸ್’. ಲುಬ್ಧಕ ನಕ್ಷತ್ರದ ಕಡೆಯ ದೈತ್ಯನೊಬ್ಬ ಶನಿಗ್ರಹದ ಜೊತೆಗಾರನೊಂದಿಗೆ ಬಾಲ್ಟಿಕ್ ಸಮುದ್ರದ ಬಳಿ ಬಂದು, ಹಡಗಿನಲ್ಲಿದ್ದ ವಿದ್ವಾಂಸರ ಜೊತೆ ಮಾತಿಗಿಳಿಯುತ್ತಾನೆ. ಕುತೂಹಲವೇ ಅವನನ್ನು ಇಲ್ಲಿಗೆ ಎಳೆದು ತಂದದ್ದು. ಎಲ್ಲದರ ಕಾರಣವನ್ನೂ ತಿಳಿಸುತ್ತದೆಂದು ಅವನು ಕೊಟ್ಟುಹೋದ ಗ್ರಂಥವನ್ನು ತೆರೆದರೆ ಹಾಳೆಗಳೆಲ್ಲ ಖಾಲಿ. ಈ ಭೇಟಿಯಿಂದ ಮನುಷ್ಯನ ಅಹಂಕಾರಕ್ಕೆ ಪೆಟ್ಟು ಬಿತ್ತು, ಜೀವಕ್ಕೆ ಕುತ್ತು ಬರಲಿಲ್ಲ.

ಕುತ್ತು ಬಂದದ್ದು ಮಂಗಳನಿಂದ. 1877ರಲ್ಲಿ ಇಟಲಿಯ ಖಗೋಳಜ್ಞ ಸ್ಕಿಯಾಪರೆಲ್ಲಿ ಆ ಗ್ರಹದ ಮೇಲೆ ಗೆರೆಗಳನ್ನು ಗುರುತಿಸಿದರು. 1894ರಲ್ಲಿ ಅಮೆರಿಕದ ಅರಿಜೋನಾದಲ್ಲಿ ವೀಕ್ಷಣಾಲಯ ಕಟ್ಟಿಸಿದ ಪರ್ಸಿವಲ್ ಲೋವೆಲ್, ಅವು ಒಣಗುತ್ತಿರುವ ಗ್ರಹಕ್ಕೆ ಧ್ರುವದ ನೀರು ಹರಿಸುವ ಕಾಲುವೆಗಳೆಂದು ವಾದಿಸಿದರು. ಗೆರೆಗಳು ದೃಷ್ಟಿಭ್ರಮೆ ಎಂದು ಮುಂದೆ ತಿಳಿಯಿತು. ಅಷ್ಟರೊಳಗೆ, ನಮಗಿಂತ ಹಳೆಯದಾದ, ನೀರಿಗೆ ಪರದಾಡುವ ನಾಗರಿಕತೆಯೊಂದು ಪಕ್ಕದಲ್ಲೇ ಇದೆ ಎಂಬ ಚಿತ್ರ ಜನರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಆ ಚಿತ್ರದಿಂದ ಎರಡು ಕಾದಂಬರಿಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹುಟ್ಟಿದವು. ಎಚ್. ಜಿ. ವೆಲ್ಸ್ ಅವರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ 1897ರಲ್ಲಿ ಧಾರಾವಾಹಿಯಾಗಿ, 1898ರಲ್ಲಿ ಪುಸ್ತಕವಾಗಿ ಬಂತು. ಅದನ್ನು ಆಕ್ರಮಣದ ಕಥೆಯೆಂದು ನೆನಪಿಡುವವರು ಅದರ ಮೊದಲ ಅಧ್ಯಾಯಗಳನ್ನು ಮರೆಯುತ್ತಾರೆ. ಲಂಡನ್ನಿಗೆ ಹತ್ತಿರದ ವೋಕಿಂಗ್ ಊರಾಚೆಯ ಬಯಲಿನಲ್ಲಿ ಬಿದ್ದ ಲೋಹದ ಉರುಳೆ ಇನ್ನೂ ಸುಡುತ್ತಿರುತ್ತದೆ. ಅದರ ಮುಚ್ಚಳ ಒಳಗಿನಿಂದ ನಿಧಾನವಾಗಿ ತಿರುಗುವುದನ್ನು ಕಂಡ ಖಗೋಳಜ್ಞನಿಗೆ ಮೊದಲು ಹೊಳೆಯುವುದು, ಒಳಗೆ ಯಾರೋ ಬೇಯುತ್ತಿದ್ದಾರೆ, ಅವರನ್ನು ಬಿಡಿಸಬೇಕು ಎಂದು. ಆ ದಿನ ಸಂಜೆ ಬಿಳಿ ಬಾವುಟ ಹಿಡಿದ ಒಂದು ತಂಡ ಗುಂಡಿಯ ಕಡೆ ನಡೆಯುತ್ತದೆ. ಶಾಖದ ಕಿರಣ ಅವರನ್ನು ನಿಂತಲ್ಲೇ ಸುಟ್ಟುಹಾಕುತ್ತದೆ. ಆಗಂತುಕರ ಉದ್ದೇಶವನ್ನು ಅಳೆಯಲು ಮನುಷ್ಯರಿಗೆ ಸಿಕ್ಕಿದ್ದು ಅದೊಂದೇ ಸಂಜೆ. ವೆಲ್ಸ್ ಇಲ್ಲಿ ನಿಲ್ಲುವುದಿಲ್ಲ. ಯುರೋಪಿನವರು ಟಾಸ್ಮೇನಿಯಾದ ಮೂಲನಿವಾಸಿಗಳಿಗೆ ಮಾಡಿದ್ದನ್ನು ನೆನಪಿಸಿ, ಮಂಗಳದವರನ್ನು ದೂರುವ ಹಕ್ಕು ನಮಗಿದೆಯೇ ಎಂದು ಮೊದಲ ಅಧ್ಯಾಯದಲ್ಲೇ ಕೇಳುತ್ತಾರೆ. ಸಾಮ್ರಾಜ್ಯದ ನಡುಮನೆಯಲ್ಲಿ ಕೂತು ಕೇಳಿದ ಆ ಪ್ರಶ್ನೆಯೇ ಈ ಕಾದಂಬರಿಯ ನಿಜವಾದ ಬಲ.

ಜರ್ಮನಿಯ ಕುರ್ಟ್ ಲಾಸ್ವಿಟ್ಜ್ 1897ರಲ್ಲಿ ಬರೆದ ‘ಆಫ್ ಟ್ಸ್ವೈ ಪ್ಲಾನೆಟನ್’ (ಎರಡು ಗ್ರಹಗಳ ಮೇಲೆ) ಕಾದಂಬರಿಯಲ್ಲಿ ಮಂಗಳದವರು ಸಭ್ಯರು, ಶಾಂತಿಪ್ರಿಯರು. ಉತ್ತರ ಧ್ರುವದಲ್ಲಿ ನೆಲೆ ಕಟ್ಟಿಕೊಂಡ ಅವರು ಮನುಷ್ಯರನ್ನು ಉದ್ಧಾರ ಮಾಡಲು ಹೊರಡುತ್ತಾರೆ. ಅಧಿಕಾರ ಕೈಗೆ ಬಂದ ಮೇಲೆ ಅದೇ ಅವರನ್ನು ಕೆಡಿಸುತ್ತದೆ. ಒಳ್ಳೆಯ ಉದ್ದೇಶವೂ ದಬ್ಬಾಳಿಕೆಯಾಗಿ ತಿರುಗಬಹುದು ಎಂಬ ಈ ಒಳನೋಟ ವೆಲ್ಸ್‌ನಲ್ಲಿ ಇಲ್ಲ. ಪ್ರಸಿದ್ಧಿಯಲ್ಲಿ ಹಿಂದೆ ಬಿದ್ದರೂ ಲಾಸ್ವಿಟ್ಜ್ ಕೃತಿಗೆ ವೆಲ್ಸ್ ಕೃತಿಯಷ್ಟೇ ತೂಕವಿದೆ.

1938ರ ಅಕ್ಟೋಬರ್ 30ರಂದು ಆರ್ಸನ್ ವೆಲ್ಸ್, ಎಚ್. ಜಿ. ವೆಲ್ಸ್ ಕಾದಂಬರಿಯ ಮಂಗಳ ದಾಳಿಯನ್ನು ಅಮೆರಿಕದ ರೇಡಿಯೋದಲ್ಲಿ ಸುದ್ದಿ ಪ್ರಸಾರದ ಧಾಟಿಯಲ್ಲಿ ನಾಟಕವಾಗಿಸಿದರು. ಕೆಲವರು ಹೆದರಿದ್ದು ನಿಜ. ದೇಶವೇ ಬೀದಿಗೆ ಓಡಿತು ಎಂಬ ಚಿತ್ರ ಬಹುಪಾಲು ಪತ್ರಿಕೆಗಳು ಹಿಗ್ಗಿಸಿ ಬರೆದದ್ದು ಎಂದು ನಂತರದ ಸಂಶೋಧಕರು ತೋರಿಸಿದ್ದಾರೆ.

ಎರಡನೆಯ ಮಹಾಯುದ್ಧದ ನಂತರ ಕಲ್ಪನೆ ಪುಸ್ತಕದಿಂದ ಆಕಾಶಕ್ಕೇರಿತು. 1947ರ ಜೂನ್ 24ರಂದು ವಿಮಾನ ಚಾಲಕ ಕೆನೆತ್ ಆರ್ನಾಲ್ಡ್ ಅಮೆರಿಕದ ಮೌಂಟ್ ರೇನಿಯರ್ ಬಳಿ ವೇಗವಾಗಿ ಹಾರುವ ಒಂಬತ್ತು ವಸ್ತುಗಳನ್ನು ಕಂಡುದಾಗಿ ಹೇಳಿದರು. ಕೆಲವೇ ದಿನಗಳಲ್ಲಿ ‘ಹಾರುವ ತಟ್ಟೆ’ ಮನೆಮಾತಾಯಿತು. ಅದೇ ಬೇಸಿಗೆಯಲ್ಲಿ ಅಮೆರಿಕದ ರಾಸ್ವೆಲ್ ಊರಿನ ಬಳಿ ಸಿಕ್ಕ, ಅನ್ಯಗ್ರಹದ ನೌಕೆಯವೆಂದು ಮುಂದೆ ಹಲವರು ನಂಬಿದ ಅವಶೇಷಗಳು ಸೋವಿಯತ್ ಅಣು ಪರೀಕ್ಷೆಗಳನ್ನು ಪತ್ತೆಹಚ್ಚಲು ಹಾರಿಸಿದ ಗುಪ್ತ ಬಲೂನಿನವು ಎಂದು ಅಮೆರಿಕದ ವಾಯುಪಡೆ 1994ರಲ್ಲಿ ವರದಿ ನೀಡಿತು. ಆಕಾಶದಲ್ಲಿ ಅಪರಿಚಿತವಾದದ್ದು ಕಂಡರೆ ಶತ್ರುವಿನದೇ ಇರಬೇಕೆಂದು ಅಂಜುತ್ತಿದ್ದ ಶೀತಲ ಸಮರದ ಕಾಲವದು. ವಾಯುಪಡೆಯ ‘ಬ್ಲೂ ಬುಕ್’ ಯೋಜನೆ 1952ರಿಂದ 1969ರವರೆಗೆ ನಡೆಯಿತು. ಅದೂ ಅದಕ್ಕೆ ಹಿಂದಿನ ತನಿಖೆಗಳೂ ಸೇರಿ ದಾಖಲಿಸಿದ ವರದಿಗಳು 12,618. ಅವುಗಳಲ್ಲಿ 701ಕ್ಕೆ ವಿವರಣೆ ಸಿಗಲಿಲ್ಲ. ವಿವರಣೆ ಸಿಗಲಿಲ್ಲ ಎಂದರೆ ಅನ್ಯಗ್ರಹದವರು ಬಂದರು ಎಂದಲ್ಲ. ಈ ವ್ಯತ್ಯಾಸ ಅಂದಿನಿಂದ ಇಂದಿನವರೆಗೂ ಜನರ ಮಾತಿನಲ್ಲಿ ಕಳೆದುಹೋಗುತ್ತಲೇ ಇದೆ. 2024ರಲ್ಲಿ ಪೆಂಟಗನ್ನಿನ ತನಿಖಾ ಕಚೇರಿಯೂ ಭೂಮಿಯಾಚೆಯ ತಂತ್ರಜ್ಞಾನಕ್ಕೆ ಪುರಾವೆ ಇಲ್ಲವೆಂದೇ ಹೇಳಿತು.

ಅಣುಬಾಂಬಿನ ಭಯ ಆಗಂತುಕನನ್ನು ನ್ಯಾಯಾಧೀಶನನ್ನಾಗಿಸಿತು. ರಾಬರ್ಟ್ ವೈಸ್ ನಿರ್ದೇಶನದ ‘ದಿ ಡೇ ದಿ ಅರ್ತ್ ಸ್ಟುಡ್ ಸ್ಟಿಲ್’ (1951) ಚಿತ್ರದಲ್ಲಿ ವಾಷಿಂಗ್ಟನ್ನಿನಲ್ಲಿ ಇಳಿದ ಕ್ಲಾಟು, ರಾಷ್ಟ್ರಾಧ್ಯಕ್ಷರಿಗೆಂದು ತಂದ ಉಡುಗೊರೆಯನ್ನು ಅಂಗಿಯೊಳಗಿಂದ ತೆಗೆಯುತ್ತಾನೆ. ಆಯುಧವೆಂದು ಭಾವಿಸಿದ ಸೈನಿಕ ಗುಂಡು ಹಾರಿಸುತ್ತಾನೆ. ಬೇರೆ ಗ್ರಹಗಳ ಜೀವನವನ್ನು ತಿಳಿಯಲು ನೆರವಾಗಬಹುದಾಗಿದ್ದ ಸಾಧನ ನೆಲಕ್ಕೆ ಬಿದ್ದು ಒಡೆಯುತ್ತದೆ. ಆರ್ಥರ್ ಸಿ. ಕ್ಲಾರ್ಕ್ ಅವರ ‘ಚೈಲ್ಡ್‌ಹುಡ್ಸ್ ಎಂಡ್’ (1953) ಇನ್ನೂ ಆಳಕ್ಕೆ ಹೋಯಿತು. ನಗರಗಳ ಮೇಲೆ ನೌಕೆಗಳನ್ನು ನಿಲ್ಲಿಸಿ ಯುದ್ಧ, ಬಡತನಗಳನ್ನು ಅಳಿಸುವ ‘ಅಧಿಪತಿ’ಗಳು ಐವತ್ತು ವರ್ಷ ಮುಖ ತೋರಿಸುವುದಿಲ್ಲ. ಕೊನೆಗೆ ಇಳಿದು ಬಂದಾಗ ಅವರಿಗೆ ಕೊಂಬು, ಬಾಲ, ರೆಕ್ಕೆ. ಥೇಟ್ ಕ್ರೈಸ್ತರ ಸೈತಾನನ ರೂಪ. ಅವರು ಕೆಟ್ಟವರಲ್ಲ, ಆದರೆ ಅವರ ಕೆಲಸ ಮುಗಿಯುವಾಗ ಮನುಷ್ಯಕುಲವೂ ಮುಗಿದಿರುತ್ತದೆ. ತಮಗಿಂತ ದೊಡ್ಡ ಶಕ್ತಿಯೊಂದರ ಆಳುಗಳಾದ ಅವರಿಗೂ ತಮ್ಮ ಒಡೆಯನ ಉದ್ದೇಶ ಪೂರ್ತಿ ತಿಳಿಯದು.

ಭಾರತದ ದೊಡ್ಡ ಕೊಡುಗೆ ಸತ್ಯಜಿತ್ ರೇ ಅವರದು. 1962ರಲ್ಲಿ ‘ಸಂದೇಶ್’ ಮಕ್ಕಳ ಪತ್ರಿಕೆಯಲ್ಲಿ ಬಂದ ‘ಬಂಕುಬಾಬುರ್ ಬಂಧು’ ಕಥೆಯ ನಾಯಕ ಎಲ್ಲರ ಗೇಲಿಗೆ ಗುರಿಯಾದ, ಎದುರಾಡಲು ಬಾರದ ಹಳ್ಳಿ ಮೇಷ್ಟ್ರು. ಪ್ಲೂಟೊಗೆ ಹೊರಟಿದ್ದ ಆಂಗ್ ಎಂಬ ಜೀವಿ ದಾರಿ ತಪ್ಪಿ ಬಿದಿರು ಮೆಳೆಯಲ್ಲಿ ಇಳಿಯುತ್ತದೆ. ಮೇಷ್ಟ್ರಿಗೆ ಅಲ್ಲೇ ಉತ್ತರ ಧ್ರುವವನ್ನೂ ಬ್ರೆಜಿಲ್ ಕಾಡನ್ನೂ ತೋರಿಸಿ, ಇಷ್ಟು ಮೆತ್ತಗಿರಬೇಡ ಎಂದು ಬುದ್ಧಿ ಹೇಳಿ ಹೋಗುತ್ತದೆ. ಈ ಬೀಜದಿಂದಲೇ 1967ರಲ್ಲಿ ‘ದಿ ಏಲಿಯನ್’ ಚಿತ್ರಕಥೆ ಬೆಳೆಯಿತು. ಬಂಗಾಳದ ಹಳ್ಳಿಯೊಂದರ ಕೆರೆಯಲ್ಲಿ ನೌಕೆ ಇಳಿಯುತ್ತದೆ. ನೀರಿನ ಮೇಲೆ ಕಂಡ ಅದರ ತುದಿಯನ್ನು ಜನ ನೆಲದಿಂದ ಎದ್ದ ಗುಡಿಯೆಂದು ಪೂಜಿಸುತ್ತಾರೆ. ಆಗಂತುಕ ಹಾಬಾ ಎಂಬ ಹುಡುಗನ ಕನಸಿನಲ್ಲಿ ಬಂದು ಆಡುತ್ತಾನೆ. ಆಗಂತುಕನ ಚೇಷ್ಟೆಯಿಂದ ಮಾವು ಅಕಾಲದಲ್ಲಿ ಫಲ ಬಿಡುತ್ತದೆ. ವ್ಯಾಪಾರಿ, ಪತ್ರಕರ್ತ, ಅಮೆರಿಕದ ಎಂಜಿನಿಯರ್ ತಮತಮಗೆ ತೋಚಿದ ಅರ್ಥ ಹಚ್ಚುತ್ತಾರೆ. ಹೆದರಿಸುವವನೂ ಅಲ್ಲದ, ಉದ್ಧರಿಸುವವನೂ ಅಲ್ಲದ, ಬರೀ ಆಟವಾಡುವ ಇಂಥ ಅತಿಥಿ ಅಲ್ಲಿಯವರೆಗಿನ ಪಶ್ಚಿಮದ ಸಿನಿಮಾದಲ್ಲಿ ಅಪರೂಪ. ಹಾಲಿವುಡ್ಡಿನ ಕೊಲಂಬಿಯಾ ಸಂಸ್ಥೆ ಆಸಕ್ತಿ ತೋರಿತು, ನಟ ಪೀಟರ್ ಸೆಲರ್ಸ್ ಹೆಸರೂ ಕೇಳಿಬಂತು. ಚಿತ್ರ ಮಾತ್ರ ಆಗಲೇ ಇಲ್ಲ. 1982ರಲ್ಲಿ ಸ್ಪೀಲ್‌ಬರ್ಗ್ ಅವರ ‘ಇ.ಟಿ.’ ಬಂದಾಗ, ಅಮೆರಿಕದಲ್ಲಿ ಹರಡಿದ್ದ ತಮ್ಮ ಚಿತ್ರಕಥೆಯ ಪ್ರತಿಗಳಿಲ್ಲದೆ ಅದು ಸಾಧ್ಯವಿರಲಿಲ್ಲ ಎಂದು ರೇ ಹೇಳಿದರು. ಸ್ಪೀಲ್‌ಬರ್ಗ್ ಅದನ್ನು ಅಲ್ಲಗಳೆದರು.

ಸ್ವಿಟ್ಜರ್ಲೆಂಡಿನ ಲೇಖಕ ಎರಿಕ್ ಫಾನ್ ಡೆನಿಕೆನ್ 1968ರಿಂದ ಆಗಂತುಕರನ್ನು ಪ್ರಾಚೀನ ಕಾಲದ ಗುರುಗಳನ್ನಾಗಿಸಿದರು. ಈ ಪಂಥದವರು ಆಧಾರವೆಂದು ಎತ್ತಿ ಹಿಡಿಯುವ ಪಠ್ಯಗಳಲ್ಲೊಂದು ಕರ್ನಾಟಕದ್ದು: ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ, ಮೈಸೂರಿನ ಜಿ. ಆರ್. ಜೋಸ್ಯರ್ 1973ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಹೊರತಂದ, ಪ್ರಾಚೀನ ವಿಮಾನವಿದ್ಯೆಯದೆಂದು ಹೇಳಿಕೊಳ್ಳುವ ‘ವೈಮಾನಿಕ ಶಾಸ್ತ್ರ’. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ಸಹೋದ್ಯೋಗಿಗಳು 1974ರಲ್ಲಿ ಅದನ್ನು ಪರಿಶೀಲಿಸಿ, ಗ್ರಂಥ ಇಪ್ಪತ್ತನೆಯ ಶತಮಾನದ್ದೇ ಎಂದೂ ಅದರಲ್ಲಿನ ವಿಮಾನಗಳು ಹಾರಲಾರವು ಎಂದೂ ಸ್ಪಷ್ಟವಾಗಿ ತೋರಿಸಿದರು. ಊಹೆಯನ್ನು ಲೆಕ್ಕ ಹಾಕಿ ಪರೀಕ್ಷಿಸಿದ ಆ ಕೆಲಸ ಇನ್ನಷ್ಟು ಜನರಿಗೆ ಗೊತ್ತಿರಬೇಕಿತ್ತು.

ಉದ್ದೇಶ ತಿಳಿಯುವುದೇ ಅಸಾಧ್ಯವಿರಬಹುದು ಎಂಬ ದಾರಿ ತೆರೆದವರಲ್ಲಿ ಪೋಲೆಂಡಿನ ಸ್ಟಾನಿಸ್ವಾಫ್ ಲೆಮ್ ಮುಖ್ಯರು. ರಷ್ಯಾದ ಸ್ಟ್ರುಗಾಟ್ಸ್ಕಿ ಸೋದರರ 1972ರ ‘ರೋಡ್‌ಸೈಡ್ ಪಿಕ್ನಿಕ್’ನಲ್ಲಿ ಆಗಂತುಕರು ಬಂದು ಹೋಗಿಯಾಗಿದೆ, ಬಿಟ್ಟುಹೋದ ಕಸವನ್ನು ಹೆಕ್ಕಲು ಮನುಷ್ಯರು ಪ್ರಾಣ ಕೊಡುತ್ತಿದ್ದಾರೆ. ಮರುವರ್ಷವೇ ಕ್ಲಾರ್ಕ್ ಅವರ ‘ರೆಂಡೆವೂ ವಿತ್ ರಾಮ’ ಬಂತು. ಗ್ರೀಕ್, ರೋಮನ್ ದೇವತೆಗಳ ಹೆಸರು ಮುಗಿದದ್ದರಿಂದ ‘ರಾಮ’ ಎಂದು ಹೆಸರಿಟ್ಟ, 50 ಕಿಲೋಮೀಟರ್ ಉದ್ದದ ಉರುಳೆಯೊಂದು 2131ರಲ್ಲಿ ಸೌರವ್ಯೂಹವನ್ನು ಹೊಕ್ಕುತ್ತದೆ. ಬುಧ ಗ್ರಹದ ವಲಸಿಗರು ಮುನ್ನೆಚ್ಚರಿಕೆಯೆಂದು ಅದರತ್ತ ಬಾಂಬು ಕಳಿಸುತ್ತಾರೆ, ಒಳಹೊಕ್ಕ ಯಾತ್ರಿಕರು ಅದನ್ನು ನಿಷ್ಕ್ರಿಯಗೊಳಿಸುತ್ತಾರೆ. ಗೊತ್ತಿಲ್ಲದ್ದನ್ನು ಕೊಂದು ನಿಶ್ಚಿಂತರಾಗಬೇಕೋ ಬಿಟ್ಟು ನೋಡಬೇಕೋ ಎಂಬ ಇಕ್ಕಟ್ಟನ್ನು ಇಷ್ಟು ಗಂಭೀರವಾಗಿ ಎದುರಿಸಿದ ಕೃತಿಗಳು ಕಡಿಮೆ. ರಾಮನಿಗೆ ಇದ್ಯಾವುದರ ಪರಿವೆಯೂ ಇಲ್ಲ. ಸೂರ್ಯನಿಂದ ಶಕ್ತಿ ತುಂಬಿಕೊಂಡು ಮುಂದೆ ಸಾಗುತ್ತದೆ. ಟೆಡ್ ಚಿಯಾಂಗ್ ಅವರ 1998ರ ‘ಸ್ಟೋರಿ ಆಫ್ ಯುವರ್ ಲೈಫ್’ ಕಥೆಯ ಏಳು ಕಾಲಿನ ಜೀವಿಗಳೂ ಬಂದ ಕಾರಣ ಹೇಳದೆ ಹೊರಟುಹೋಗುತ್ತವೆ. ಅದನ್ನು ಆಧರಿಸಿದ ‘ಅರೈವಲ್’ (2016) ಸಿನಿಮಾ ಒಂದು ಕಾರಣವನ್ನು ಸೇರಿಸಿತು. ಕಥೆಯ ಮೌನವೇ ಹೆಚ್ಚು ಪ್ರಾಮಾಣಿಕ.

ವಿಜ್ಞಾನಿಗಳಿಗೆ ಇದು ಕಥೆಯ ಪ್ರಶ್ನೆಯಾಗಿ ಉಳಿಯಲಿಲ್ಲ. 1974ರ ನವೆಂಬರ್ 16ರಂದು ಪೋರ್ಟೊರಿಕೋದ ಅರೆಸಿಬೋ ದೂರದರ್ಶಕ 1,679 ಬಿಟ್‌ಗಳ ಸಂದೇಶವನ್ನು ಸುಮಾರು 25,000 ಜ್ಯೋತಿರ್ವರ್ಷ ದೂರದ ಎಂ13 ನಕ್ಷತ್ರಗುಚ್ಛಕ್ಕೆ ಕಳಿಸಿತು. ಕೇಳಿಸಿಕೊಂಡವರು ಹಸಿದವರೋ ದುಷ್ಟರೋ ಆಗಿರಬಹುದು ಎಂದು ಬ್ರಿಟನ್ನಿನ ನೊಬೆಲ್ ಪುರಸ್ಕೃತ ಖಗೋಳಜ್ಞ ಮಾರ್ಟಿನ್ ರೈಲ್ ಪ್ರತಿಭಟಿಸಿದರು. 1977ರಲ್ಲಿ ಹೊರಟ ಎರಡು ವಾಯೇಜರ್ ನೌಕೆಗಳ ಚಿನ್ನದ ಲೇಪದ ಧ್ವನಿಮುದ್ರಿಕೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ. ಕನ್ನಡಿಗರ ಪರವಾಗಿ ಕನ್ನಡದಲ್ಲಿ ಹೇಳಿದ ನಮಸ್ಕಾರವೂ ಅದರಲ್ಲಿದೆ. 2010ರಲ್ಲಿ ಸ್ಟೀಫನ್ ಹಾಕಿಂಗ್, ಅನ್ಯಗ್ರಹದವರ ಭೇಟಿ ಕೊಲಂಬಸ್ ಅಮೆರಿಕಕ್ಕೆ ಬಂದಂತಾದೀತು ಎಂದು ಎಚ್ಚರಿಸಿದರು. ಬ್ರಹ್ಮಾಂಡವನ್ನು ಸದ್ದಡಗಿಸಿಕೊಂಡ ಬೇಟೆಗಾರರ ಕತ್ತಲ ಕಾಡಾಗಿ ಚಿತ್ರಿಸಿದ ಚೀನಾದ ಲಿಯು ಸಿಶಿನ್ ಅವರ 2008ರ ಕಾದಂಬರಿ ಇದೇ ಭಯವನ್ನು ತಾರ್ಕಿಕ ತುದಿಗೆ ಒಯ್ದಿತ್ತು. ಸಂಕೇತ ಸಿಕ್ಕರೆ ಅಂತಾರಾಷ್ಟ್ರೀಯ ಸಮಾಲೋಚನೆಯಿಲ್ಲದೆ ಉತ್ತರ ಕೊಡಬಾರದು ಎಂದು ಅಂತಾರಾಷ್ಟ್ರೀಯ ಗಗನಯಾನ ಅಕಾಡೆಮಿ 1989ರಲ್ಲಿ ರೂಪಿಸಿದ ಘೋಷಣೆ ಯಾವ ದೇಶಕ್ಕೂ ಕಾನೂನಾಗಿ ಅನ್ವಯಿಸುವುದಿಲ್ಲ.

2017ರ ಅಕ್ಟೋಬರ್ 19ರಂದು ಹವಾಯಿಯ ಪ್ಯಾನ್-ಸ್ಟಾರ್ಸ್ ದೂರದರ್ಶಕಕ್ಕೆ ಸೌರವ್ಯೂಹದ ಹೊರಗಿನಿಂದ ಬಂದ ಮೊದಲ ಕಾಯ ಕಾಣಿಸಿತು. ಅದಕ್ಕೆ ‘ರಾಮ’ ಎಂಬ ಹೆಸರೂ ಸೂಚಿತವಾಗಿತ್ತು. ಕೊನೆಗೆ ನಿಂತದ್ದು ಹವಾಯಿ ಭಾಷೆಯ ‘ಓಮುವಾಮುವಾ’. ಧೂಳು, ಅನಿಲಗಳ ಬಾಲವಿಲ್ಲದೆಯೂ ಅದರ ವೇಗ ಗುರುತ್ವಕ್ಕೆ ಮೀರಿ ತುಸು ಹೆಚ್ಚಿದ್ದನ್ನು ಕಂಡು, ಹಾರ್ವರ್ಡಿನ ಅವಿ ಲೋಬ್ ಮತ್ತು ಷ್ಮುಯೆಲ್ ಬಿಯಾಲಿ ಅದು ಕೃತಕ ಬೆಳಕಿನ ಹಾಯಿ ಇರಬಹುದೆಂದು 2018ರಲ್ಲಿ ಸೂಚಿಸಿದರು. ರೇಡಿಯೋ ದೂರದರ್ಶಕಗಳಿಗೆ ಅದರಿಂದ ಯಾವ ಸಂಕೇತವೂ ಕೇಳಿಸಲಿಲ್ಲ. ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡ ಹೈಡ್ರೋಜನ್ ಹೊರಬಿದ್ದರೆ ಅಷ್ಟು ವೇಗ ಸಾಧ್ಯ ಎಂದು 2023ರಲ್ಲಿ ಜೆನ್ನಿಫರ್ ಬರ್ಗ್ನರ್ ಮತ್ತು ಡ್ಯಾರಿಲ್ ಸೆಲಿಗ್ಮನ್ ತೋರಿಸಿದರು. 2019ರಲ್ಲಿ ಹೀಗೆ ಹೊರಗಿನಿಂದ ಬಂದ ಎರಡನೆಯ ಕಾಯ ಬೊರಿಸೋವ್ ಸ್ಪಷ್ಟವಾಗಿ ಧೂಮಕೇತುವಾಗಿತ್ತು. ಮೂರನೆಯ ಅತಿಥಿ ‘3ಐ/ಅಟ್ಲಾಸ್’ 2025ರ ಜುಲೈ 1ರಂದು ಚಿಲಿಯ ದೂರದರ್ಶಕದಲ್ಲಿ ಸಿಕ್ಕಿತು. ಲೋಬ್ ಮತ್ತೆ ಹಳೆಯ ಸಾಧ್ಯತೆಯನ್ನು ಎತ್ತಿದರು, ನಾಸಾ ಅದನ್ನು ಧೂಮಕೇತುವೆಂದೇ ಗುರುತಿಸಿದೆ.