ಕೇಬಲ್ ಚುಚ್ಚಿದರೂ ಚಾರ್ಜ್ ಆಗದ ಕಾರು: ‘ಸಾಲ್ವೇಜ್’ ಅನ್ನೋ ಪದದ ಕಥೆ

ಇವತ್ತಿನ ಎಪಿಸೋಡ್ ಒಂದು ಗ್ಯಾರೇಜ್‌ನಿಂದ ಶುರುವಾಗುತ್ತೆ.

ಹೀಗೆ ಅಂದ್ಕೊಳ್ಳಿ. ಅಪಘಾತ ಆಗಿ ಗುಜರಿ ಸೇರಬೇಕಿದ್ದ ಎಲೆಕ್ಟ್ರಿಕ್ ಕಾರೊಂದನ್ನ ಒಬ್ಬರು ಹರಾಜಿನಲ್ಲಿ ಕೊಂಡಿದ್ದಾರೆ. ತಿಂಗಳುಗಟ್ಟಲೆ ಕೂತು ಬಾಗಿಲು, ಬಂಪರ್, ವೈರಿಂಗ್ ಎಲ್ಲಾ ಸರಿ ಮಾಡಿದ್ದಾರೆ. ಕಾರು ಓಡ್ತಿದೆ, ಸ್ಕ್ರೀನ್ ಬೆಳಗ್ತಿದೆ. ಆದ್ರೆ ಚಾರ್ಜಿಂಗ್ ಕೇಬಲ್ ಚುಚ್ಚಿದರೆ ‘ಟಕ್’ ಅಂತ ಒಂದು ಸದ್ದು, ಐದು ಸೆಕೆಂಡ್ ಹಸಿರು ಲೈಟ್, ಆಮೇಲೆ ಕೆಂಪು. ಕಿತ್ತು ಮತ್ತೆ ಚುಚ್ಚಿದರೆ ಮತ್ತೆ ಅದೇ ಕಥೆ.

ತೊಂದರೆ ಎಲ್ಲಿದೆ? ವೈರಿನಲ್ಲಾ? ಬ್ಯಾಟರಿಯಲ್ಲಾ? ಅಥವಾ ಎಲ್ಲೋ ದೂರದಲ್ಲಿ ಕೂತ ಯಾರೋ ‘ಬೇಡ’ ಅಂದಿದ್ದಾರಾ?

ಇದು ಮೆಕ್ಯಾನಿಕ್ ಕೇಳೋ ಪ್ರಶ್ನೆ ಅನ್ಸುತ್ತೆ ಅಲ್ವಾ? ಆದ್ರೆ ಇದಕ್ಕೆ ನೂರಕ್ಕೂ ಹೆಚ್ಚು ವರ್ಷಗಳ ಇತಿಹಾಸ ಇದೆ. ‘ಚಾರ್ಜ್ ಆಗಲಿ’ ಅಂತ ಹೇಳೋ ಅಧಿಕಾರ ಯಾರ ಕೈಲಿತ್ತು, ಯಾರ ಕೈಗೆ ಹೋಯ್ತು ಅನ್ನೋ ಇತಿಹಾಸ. ನಾನು ಓದಿದ್ದು ಬಿಕಾಂ, ಹಾಗಾಗಿ ಬ್ಯಾಂಕಿನ ಉದಾಹರಣೆ ಕೊಡ್ತೀನಿ. ಚಾರ್ಜಿಂಗ್ ಅಂದ್ರೆ ನಲ್ಲಿ ತಿರುಗಿಸಿ ಕೊಡ ತುಂಬಿಸಿದ ಹಾಗಲ್ಲ, ಚೆಕ್ ಕ್ಲಿಯರ್ ಆದ ಹಾಗೆ. ಸಹಿ ಸರಿ ಇರಬೇಕು, ದಿನಾಂಕ ಸರಿ ಇರಬೇಕು, ಖಾತೆಗೆ ತಡೆ ಇರಬಾರದು. ಒಂದು ತಪ್ಪಿದರೂ ಚೆಕ್ ವಾಪಸ್. ನಿಮ್ಮ ಕೈಗೆ ಸಿಗೋದು ಬೌನ್ಸ್ ಆದ ಚೆಕ್. ಕಾರಿನ ವಿಷಯದಲ್ಲಿ ಕಾರಣ ಹುಡುಕೋದು ನಿಮ್ಮ ಕೆಲಸ.

ಮೀಟರ್ ಮುಂದೆ ನಿಂತ ಮನುಷ್ಯ

ಮೊದಲು ಹಿಂದಕ್ಕೆ ಹೋಗೋಣ. 1900ರಲ್ಲಿ ಅಮೆರಿಕದಲ್ಲಿ ತಯಾರಾದ ಸುಮಾರು 4,200 ಕಾರುಗಳಲ್ಲಿ 1,500ಕ್ಕೂ ಹೆಚ್ಚು ಎಲೆಕ್ಟ್ರಿಕ್ ಕಾರುಗಳೇ. ಹೌದು, ಪೆಟ್ರೋಲ್ ಕಾರುಗಳಿಗಿಂತ ಜಾಸ್ತಿ. ಆಗ ಬ್ಯಾಟರಿ ಸೀಸದ್ದು, ಅಂದ್ರೆ ಲೆಡ್-ಆಸಿಡ್. ಅದಕ್ಕೆ ಬೇಕಾಗಿದ್ದು ಡಿಸಿ ಕರೆಂಟ್, ಆದ್ರೆ ಎಷ್ಟೋ ಮನೆಗಳಿಗೆ ಬರ್ತಿದ್ದದ್ದು ಎಸಿ. 1902ರಲ್ಲಿ ಪೀಟರ್ ಕೂಪರ್ ಹೆವಿಟ್ ಅನ್ನೋರು ಪಾದರಸದ ಆವಿ ತುಂಬಿದ ಗಾಜಿನ ಬುರುಡೆಯೊಂದನ್ನ ಕಂಡುಹಿಡಿದರು. ಎಸಿಯನ್ನ ಡಿಸಿ ಮಾಡೋ ಸಾಧನ. ಕತ್ತಲಲ್ಲಿ ಆ ಬುರುಡೆ ನೀಲಿ-ನೇರಳೆ ಬಣ್ಣದಲ್ಲಿ ಮಿನುಗೋದು. ಶ್ರೀಮಂತರ ಮನೆಯ ಗ್ಯಾರೇಜ್‌ಗಳಲ್ಲಿ ಅದೇ ಚಾರ್ಜರ್.

ಅದರಲ್ಲಿ ‘ಹೌದು’, ‘ಬೇಡ’ ಹೇಳ್ತಿದ್ದವರು ಯಾರು? ಮನುಷ್ಯರು. ಎದುರಿಗೆ ಎರಡು ಮೀಟರ್, ಒಂದು ಸ್ವಿಚ್, ತಿರುಗಿಸೋಕೆ ಒಂದು ಹಿಡಿ. ಮುಳ್ಳು ನೋಡಿ ಕರೆಂಟ್ ಹೆಚ್ಚು ಕಡಿಮೆ ಮಾಡಬೇಕಿತ್ತು. ತಪ್ಪಾದರೆ ಬ್ಯಾಟರಿ ಹಾಳು, ಆ ತಪ್ಪಿಗೆ ನೀವೇ ಹೊಣೆ. ರಿಪೇರಿ ಮಾಡಿದವನಿಗೆ ಪ್ರತ್ಯೇಕ ಅನುಮತಿ ಏನೂ ಬೇಕಿರಲಿಲ್ಲ, ಕಾರಿಗೆ ನೆನಪಿನ ಶಕ್ತಿಯೂ ಇರಲಿಲ್ಲ.

ನೂರು ವರ್ಷ ಮುಂದಕ್ಕೆ ಬಂದರೆ ನಮ್ಮ ಬೆಂಗಳೂರಿನ ರೇವಾ. 2001ರಲ್ಲಿ ರಸ್ತೆಗಿಳಿದ ಪುಟ್ಟ ಕಾರು, ಆಮೇಲೆ ಲಂಡನ್ನಿನಲ್ಲಿ ಜಿ-ವಿಜ್ ಅನ್ನೋ ಹೆಸರಲ್ಲಿ ಓಡಾಡಿತು. ಸೀಟಿನ ಕೆಳಗೆ 6 ವೋಲ್ಟ್‌ನ ಎಂಟು ಲೆಡ್-ಆಸಿಡ್ ಬ್ಯಾಟರಿ, ಒಟ್ಟು 48 ವೋಲ್ಟ್. ಚಾರ್ಜ್ ಮಾಡೋಕೆ ಗೀಸರ್‌ಗೆ ಇರುತ್ತಲ್ಲ, ಅಂಥದೇ 15 ಆಂಪ್ ಸಾಕೆಟ್ ಸಾಕು. ಕಾರೊಳಗೆ ಬ್ಯಾಟರಿ ನೋಡಿಕೊಳ್ಳೋ ಕಂಪ್ಯೂಟರ್ ಇತ್ತು, ನಿಜ. ಆದ್ರೆ ಗೋಡೆಯ ಸಾಕೆಟ್ ಮಾತ್ರ ‘ನೀನು ಯಾರು’ ಅಂತ ಕೇಳ್ತಿರಲಿಲ್ಲ.

ಕೇಬಲ್ ಮಾತಾಡೋಕೆ ಶುರು ಮಾಡಿದ್ದು

2010ರ ಆರಂಭದಲ್ಲಿ ಅಮೆರಿಕದಲ್ಲಿ ಜೆ1772 ಅನ್ನೋ ಮಾನದಂಡದ ಹೊಸ ರೂಪ ಜಾರಿಗೆ ಬಂತು. ಐದು ಪಿನ್ನಿನ ಪ್ಲಗ್. ಮೂರು ದಪ್ಪ ಪಿನ್ ಕರೆಂಟಿಗೆ ಮತ್ತು ಅರ್ಥಿಂಗ್‌ಗೆ. ಉಳಿದ ಎರಡು ಸಣ್ಣ ಪಿನ್ ಬರೀ ಮಾತುಕತೆಗೆ.

ಆ ಮಾತುಕತೆ ನಿಜಕ್ಕೂ ಚೆನ್ನಾಗಿದೆ, ಕೇಳಿ. ಚಾರ್ಜರ್ ಒಂದು ಸಣ್ಣ ವೈರಿನಲ್ಲಿ 12 ವೋಲ್ಟ್ ಹಿಡಿದು ಕಾಯ್ತಾ ಇರುತ್ತೆ. ಪ್ಲಗ್ ಕಾರಿಗೆ ಹೋದ ತಕ್ಷಣ ಕಾರೊಳಗಿನ ಒಂದು ರೆಸಿಸ್ಟರ್ ಅದನ್ನ 9ಕ್ಕೆ ಇಳಿಸುತ್ತೆ. ಅಂದ್ರೆ ‘ನಾನು ಬಂದೆ’. ಆಗ ಚಾರ್ಜರ್ ಆ ವೈರನ್ನ ಸೆಕೆಂಡಿಗೆ ಸಾವಿರ ಸಲ ಮೇಲೆ ಕೆಳಗೆ ಮಾಡುತ್ತೆ. ಅದರಲ್ಲಿ ಅರ್ಧ ಹೊತ್ತು ಮೇಲಿದ್ದರೆ ‘30 ಆಂಪ್ ತನಕ ಕೊಡಬಲ್ಲೆ’, ಕಾಲು ಹೊತ್ತಾದರೆ ‘15 ಆಂಪ್ ಅಷ್ಟೇ’. ಕಾರು ಒಪ್ಪಿದರೆ ವೋಲ್ಟೇಜನ್ನ 6ಕ್ಕೆ ಇಳಿಸುತ್ತೆ. ಅಂದ್ರೆ ‘ಸರಿ, ಕೊಡು’. ಆಮೇಲೆ ಮಾತ್ರ ಚಾರ್ಜರ್ ಒಳಗಿನ ರಿಲೇ ಮುಚ್ಚಿಕೊಳ್ಳುತ್ತೆ. ನಮ್ಮ ಗ್ಯಾರೇಜಿನಲ್ಲಿ ಕೇಳಿಸಿದ ಆ ‘ಟಕ್’ ಇದೇ. ಅಲ್ಲಿಯವರೆಗೂ ದಪ್ಪ ಪಿನ್ನುಗಳಲ್ಲಿ ಕರೆಂಟೇ ಇರಲ್ಲ.

ಇನ್ನೊಂದು ಸಣ್ಣ ಪಿನ್ ಪ್ಲಗ್ ಪೂರ್ತಿ ಕೂತಿದೆಯಾ, ಬೀಗ ಬಿದ್ದಿದೆಯಾ ಅಂತ ನೋಡುತ್ತೆ. ಹಿಡಿಕೆಯ ಗುಂಡಿ ಒತ್ತಿದರೆ ರೆಸಿಸ್ಟೆನ್ಸ್ 150 ಓಮ್‌ನಿಂದ 480ಕ್ಕೆ ಹೋಗುತ್ತೆ. ಕಾರಿಗೆ ‘ಇವರು ಕೀಳ್ತಿದ್ದಾರೆ’ ಅಂತ ಗೊತ್ತಾಗಿ ಕರೆಂಟ್ ಎಳೆಯೋದನ್ನ ನಿಲ್ಲಿಸುತ್ತೆ.

ಈಗ ರಿಪೇರಿ ಮಾಡೋರಿಗೆ ಇದರಿಂದ ಸಿಗೋ ಸುಳಿವು ನೋಡಿ. ‘ಟಕ್’ ಸದ್ದೇ ಬರಲಿಲ್ಲ ಅಂದ್ರೆ ಮಾತುಕತೆಯೇ ಪೂರ್ತಿ ಆಗಿಲ್ಲ. ಆಗ ಸಣ್ಣ ಪಿನ್ನು, ಮುರಿದ ವೈರು, ತುಕ್ಕು ಹಿಡಿದ ಕನೆಕ್ಟರ್ ನೋಡಬೇಕು. ಎಲ್ಲಕ್ಕಿಂತ ಮೊದಲು 12 ವೋಲ್ಟ್‌ನ ಸಣ್ಣ ಬ್ಯಾಟರಿ ನೋಡಬೇಕು. ದೊಡ್ಡ ಬ್ಯಾಟರಿಯನ್ನ ಕಾರಿಗೆ ಜೋಡಿಸೋ ಕಾಂಟ್ಯಾಕ್ಟರ್ ಎಳೆಯೋಕೆ ಈ ಸಣ್ಣದೇ ಬೇಕು. ಅದು ಸತ್ತಿದ್ದರೆ ಲಕ್ಷಗಟ್ಟಲೆ ಬೆಲೆಯ ಬ್ಯಾಟರಿ ಸುಮ್ಮನೆ ಮಲಗಿರುತ್ತೆ.

‘ಟಕ್’ ಬಂದು ಐದು ಸೆಕೆಂಡಿಗೆ ನಿಂತರೆ? ಮಾತುಕತೆ ಮುಗಿದಿದೆ, ಒಪ್ಪಂದ ಆಗಿದೆ, ಕರೆಂಟ್ ಬಂದ ಮೇಲೆ ಯಾರೋ ಆಕ್ಷೇಪ ಎತ್ತಿದ್ದಾರೆ. ಕಾರೊಳಗಿನ ಚಾರ್ಜರ್ ಇರಬಹುದು, ತಾಪಮಾನದ ಸೆನ್ಸರ್ ಇರಬಹುದು. ನೀರಿಗೆ ಬಿದ್ದು ಬಂದ ಕಾರಾದರೆ ಇನ್ಸುಲೇಶನ್ ಮೇಲೆ ಮೊದಲ ಅನುಮಾನ. ಎಲೆಕ್ಟ್ರಿಕ್ ಕಾರಿನ ಹೈ ವೋಲ್ಟೇಜ್ ಭಾಗ ಬಾಡಿಗೆ ತಾಗಬಾರದು. ಅಂತರರಾಷ್ಟ್ರೀಯ ನಿಯಮಗಳು ಎಸಿ ಭಾಗಕ್ಕೆ ವೋಲ್ಟಿಗೆ 500 ಓಮ್, ಡಿಸಿಗೆ ವೋಲ್ಟಿಗೆ 100 ಓಮ್ ಅಂತ ಕನಿಷ್ಠ ಮಿತಿ ಇಟ್ಟಿವೆ. ಉಪ್ಪುನೀರು ಒಣಗಿ ಒಂದು ಕನೆಕ್ಟರ್‌ನಲ್ಲಿ ಬಿಳಿ ಪುಡಿ ಉಳಿದಿದ್ದರೂ ಸಾಕು, ಆ ಮಿತಿ ತಪ್ಪಬಹುದು. ಆಗ ಕಾರು ‘ಬೇಡ’ ಅಂದರೆ ಅದು ಹಟ ಮಾಡ್ತಿಲ್ಲ, ನಿಮ್ಮ ಜೀವ ಉಳಿಸ್ತಿದೆ. ಇದನ್ನ ಕೇಳಿ ಯಾರೂ ಸ್ಪಾನರ್ ಹಿಡಿದು ಕಿತ್ತಳೆ ಬಣ್ಣದ ಕೇಬಲ್ ಬಿಚ್ಚೋಕೆ ಹೋಗಬೇಡಿ. ಅದು ತರಬೇತಿ ಇದ್ದವರ ಕೆಲಸ.

ಭಯಕ್ಕೂ ಕಾರಣ ಇತ್ತು

ಕಂಪನಿಗಳು ಹಾನಿಯಾದ ಕಾರುಗಳಿಗೆ ಹೆದರಿದ್ದು ಸುಮ್ಮನೆ ಅಲ್ಲ. 2011ರ ಮೇ ತಿಂಗಳಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ವಿಸ್ಕಾನ್ಸಿನ್‌ನಲ್ಲಿ ಒಂದು ಷೆವರ್ಲೆ ವೋಲ್ಟ್ ಕಾರನ್ನ ಪಕ್ಕದಿಂದ ಗುದ್ದಿಸಿ ಪರೀಕ್ಷೆ ಮಾಡಿತು. ಕಾರು ಪಾಸಾಯ್ತು. ಅದನ್ನ ಅಂಗಳದಲ್ಲಿ ನಿಲ್ಲಿಸಿದರು. ಸುಮಾರು ಮೂರು ವಾರ ಆದ ಮೇಲೆ ಅದು ತಾನಾಗಿಯೇ ಹೊತ್ತಿಕೊಂಡು, ಅಕ್ಕಪಕ್ಕದ ಕಾರುಗಳನ್ನೂ ಸುಟ್ಟಿತು. ಬ್ಯಾಟರಿ ತಂಪು ಮಾಡೋ ದ್ರವ ಸೋರಿದ್ದು ಕಾರಣ.

2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತ. ನ್ಯೂಜೆರ್ಸಿಯ ನ್ಯೂವಾರ್ಕ್ ಬಂದರಿನಲ್ಲಿ ನಿಂತಿದ್ದ 16 ಫಿಸ್ಕರ್ ಕರ್ಮಾ ಕಾರುಗಳು ಸಮುದ್ರದ ನೀರಲ್ಲಿ ಮುಳುಗಿ, ಆಮೇಲೆ ಸುಟ್ಟುಹೋದವು. ಕಂಪನಿ ಹೇಳಿದ ಕಾರಣ ಏನು ಗೊತ್ತಾ? ದೊಡ್ಡ ಬ್ಯಾಟರಿ ಅಲ್ಲ, 12 ವೋಲ್ಟ್‌ನ ಕರೆಂಟ್ ಹರೀತಿದ್ದ ಒಂದು ಕಂಟ್ರೋಲ್ ಯೂನಿಟ್‌ನಲ್ಲಿ ಉಪ್ಪಿನಿಂದ ಆದ ಶಾರ್ಟ್ ಸರ್ಕ್ಯೂಟ್.

ಹೊರಗಿನಿಂದ ಚೆನ್ನಾಗಿ ಕಾಣೋ ಕಾರು ಒಳಗೆ ಏನು ಬಚ್ಚಿಟ್ಟುಕೊಂಡಿದೆ ಅಂತ ಹೇಳೋಕಾಗಲ್ಲ. ಈ ಮಾತು ನಿಜ.

ಲೆಕ್ಕದ ಪುಸ್ತಕದ ಪದ

ಈಗ ನನ್ನ ಸಬ್ಜೆಕ್ಟಿಗೆ ಬರ್ತೀನಿ. ‘ಸಾಲ್ವೇಜ್’ ಅಂದ್ರೆ ಏನು? ಎಷ್ಟೋ ಜನ ‘ಓಡಿಸೋಕೆ ಯೋಗ್ಯ ಅಲ್ಲದ ಕಾರು’ ಅಂದ್ಕೊಂಡಿದ್ದಾರೆ. ಮೂಲದಲ್ಲಿ ಅದು ಎಂಜಿನಿಯರ್ ಬರೆದ ಪದ ಅಲ್ಲ, ಇನ್ಶೂರೆನ್ಸ್ ಲೆಕ್ಕದ ಪದ. ರಿಪೇರಿ ಖರ್ಚು ಕಾರಿನ ಬೆಲೆಯ ಇಂತಿಷ್ಟು ಭಾಗ ದಾಟಿದರೆ ‘ಟೋಟಲ್ ಲಾಸ್’. ಮಾಲೀಕರಿಗೆ ದುಡ್ಡು ಕೊಟ್ಟು ಕಾರನ್ನ ಹರಾಜಿಗೆ ಹಾಕ್ತಾರೆ. ಆ ಮಿತಿ ಎಲ್ಲ ಕಡೆ ಒಂದೇ ಅಲ್ಲ. ನ್ಯೂಯಾರ್ಕ್‌ನಲ್ಲಿ ಶೇ 75, ಟೆಕ್ಸಾಸ್‌ನಲ್ಲಿ ಶೇ 100. ಅಂದ್ರೆ ಅದೇ ಕಾರು, ಅದೇ ಏಟು, ಒಂದು ರಾಜ್ಯದಲ್ಲಿ ಸಾಲ್ವೇಜ್, ಇನ್ನೊಂದರಲ್ಲಿ ಅಲ್ಲ! ನಮ್ಮಲ್ಲೂ ಗಾಡಿಯ ಐಡಿವಿ ಮೇಲೆ ಶೇ 75ಕ್ಕಿಂತ ಹೆಚ್ಚು ರಿಪೇರಿ ಖರ್ಚು ಬಂದರೆ ಟೋಟಲ್ ಲಾಸ್ ಅಂತಲೇ ಲೆಕ್ಕ.

ಇಂಥ ಹರಾಜಿನ ಕಾರುಗಳಿಂದಲೇ ಹೆಸರು ಮಾಡಿದವರು ಮ್ಯಾಸಚೂಸೆಟ್ಸ್‌ನ ಯೂಟ್ಯೂಬರ್ ರಿಚ್ ಬೆನೋಯಿಟ್. ನೀರಲ್ಲಿ ಮುಳುಗಿದ್ದ ಟೆಸ್ಲಾ ಮಾಡೆಲ್ ಎಸ್ ಒಂದನ್ನ ಕೊಂಡು, ಅಪಘಾತ ಆಗಿದ್ದ ಇನ್ನೊಂದರ ಭಾಗಗಳನ್ನ ಜೋಡಿಸಿ ಓಡುವ ಕಾರು ಮಾಡಿದರು. ಅದಕ್ಕೆ ಡೊಲೊರೆಸ್ ಅಂತ ಹೆಸರಿಟ್ಟರು. ಬಿಡಿಭಾಗ ಸಿಗದೆ ಪಟ್ಟ ಪಾಡನ್ನೆಲ್ಲ ವಿಡಿಯೋ ಮಾಡಿದರು. 2019ರಲ್ಲಿ ಗೆಳೆಯರ ಜೊತೆ ಸೇರಿ ಎಲೆಕ್ಟ್ರಿಕ್ ಕಾರು ರಿಪೇರಿಗೆಂದೇ ಗ್ಯಾರೇಜ್ ತೆರೆದರು.

2020ರ ಫೆಬ್ರವರಿಯಲ್ಲಿ ಒಂದು ಸುದ್ದಿ ಬಂತು. ಸಾಲ್ವೇಜ್ ಅಂತ ದಾಖಲಾದ ಕಾರುಗಳಿಗೆ ಟೆಸ್ಲಾ ಫಾಸ್ಟ್ ಚಾರ್ಜಿಂಗ್ ನಿಲ್ಲಿಸಿದೆ. ತನ್ನ ಸೂಪರ್‌ಚಾರ್ಜರ್ ಅಷ್ಟೇ ಅಲ್ಲ, ಬೇರೆಯವರ ಫಾಸ್ಟ್ ಚಾರ್ಜರ್‌ಗಳಲ್ಲೂ. ಸುರಕ್ಷತೆಗಾಗಿ ಅನ್ನೋದು ಕಂಪನಿಯ ಮಾತು.

ಇಲ್ಲಿ ಒಂದು ವಿಷಯ ಗಮನಿಸಿ. ಮನೆಯಲ್ಲಿ ಚಾರ್ಜ್ ಮಾಡೋಕೆ ತೊಂದರೆ ಇರಲಿಲ್ಲ. ಯಾಕಂದ್ರೆ ನಿಧಾನದ ಚಾರ್ಜಿಂಗ್‌ನಲ್ಲಿ ಎಸಿ ಕರೆಂಟ್ ಕಾರೊಳಗಿನ ಚಾರ್ಜರ್ ಮೂಲಕ ಹೋಗುತ್ತೆ, ನಾವು ಆಗ ಕೇಳಿದ 12, 9, 6ರ ಸರಳ ಮಾತುಕತೆ ಸಾಕು. ಫಾಸ್ಟ್ ಚಾರ್ಜಿಂಗ್‌ನಲ್ಲಿ ಡಿಸಿ ನೇರ ಬ್ಯಾಟರಿಗೇ ಹೋಗುತ್ತೆ. ಅಲ್ಲಿ ಎರಡು ಕಂಪ್ಯೂಟರ್‌ಗಳು ಮಾತಾಡಬೇಕು. ಕಾರಿನ ಕಂಪ್ಯೂಟರ್‌ಗೆ ಮೊದಲೇ ‘ಒಪ್ಪಬೇಡ’ ಅಂತ ಹೇಳಿಟ್ಟಿದ್ದರೆ ಮುಗೀತು, ಎಷ್ಟು ಒಳ್ಳೆ ವೈರಿಂಗ್ ಇದ್ದರೂ ಚೆಕ್ ಬೌನ್ಸ್.

ಹಾಗಾಗಿ ರಿಪೇರಿ ಮಾಡೋರ ಪಾಡು ನೋಡಿ. ಮನೆಯಲ್ಲಿ ಚಾರ್ಜ್ ಆಗುತ್ತೆ, ಹೆದ್ದಾರಿಯಲ್ಲಿ ಆಗಲ್ಲ. ಫಾಸ್ಟ್ ಚಾರ್ಜಿಂಗ್‌ನ ಕಾಂಟ್ಯಾಕ್ಟರ್ ಕೆಟ್ಟಿದ್ದರೂ ಇದೇ ಲಕ್ಷಣ, ಕಂಪನಿ ನಿಲ್ಲಿಸಿದ್ದರೂ ಇದೇ ಲಕ್ಷಣ. ಮೊದಲನೆಯದನ್ನ ಮಲ್ಟಿಮೀಟರ್ ಕಂಡುಹಿಡಿಯುತ್ತೆ. ಎರಡನೆಯದು ಯಾವ ಮೀಟರ್‌ನಲ್ಲೂ ಕಾಣಲ್ಲ.

ನನ್ನ ತಕರಾರು ಇರೋದು ಇಲ್ಲೇ. ಇನ್ಸುಲೇಶನ್ ಅಳೆದು ‘ಬೇಡ’ ಅನ್ನೋ ಕಾರಿಗೆ ಒಂದು ಕಾರಣ ಇದೆ. ಆ ಕಾರಣ ಸರಿ ಮಾಡಿದರೆ ಅದೇ ಕಾರು ‘ಹೌದು’ ಅನ್ನುತ್ತೆ. ಆದ್ರೆ ದಾಖಲೆಯಲ್ಲಿ ಸಾಲ್ವೇಜ್ ಅಂತ ಇರೋದಕ್ಕೇ ‘ಬೇಡ’ ಅಂದರೆ, ಎಷ್ಟು ಚೆನ್ನಾಗಿ ರಿಪೇರಿ ಮಾಡಿದರೂ ಉತ್ತರ ಬದಲಾಗಲ್ಲ. ಬಾಗಿಲು, ಬಂಪರ್, ಏರ್‌ಬ್ಯಾಗ್ ಖರ್ಚು ಜಾಸ್ತಿ ಬಂತು ಅಂತ ಬರೆದ ಒಂದು ಲೆಕ್ಕ, ಬ್ಯಾಟರಿಯ ಮೇಲಿನ ತೀರ್ಪಾಗಿಬಿಟ್ಟಿತು.

ಮತಪೆಟ್ಟಿಗೆಗೆ ಹೋದ ಜಗಳ

ಈ ಜಗಳಕ್ಕೆ ಒಂದು ದೊಡ್ಡ ಹಿನ್ನೆಲೆ ಇದೆ. ರಿಚ್ ಅವರ ರಾಜ್ಯ ಮ್ಯಾಸಚೂಸೆಟ್ಸ್‌ನಲ್ಲೇ 2012ರ ನವೆಂಬರ್‌ನಲ್ಲಿ ಜನ ‘ರಿಪೇರಿ ಹಕ್ಕಿ’ನ ಪರ ಮತ ಹಾಕಿದರು, ಶೇ 86ರಷ್ಟು. ಕಾರು ಕಂಪನಿಗಳು ತಮ್ಮ ಡೀಲರ್‌ಗಳಿಗೆ ಕೊಡೋ ಮಾಹಿತಿಯನ್ನ ಹೊರಗಿನ ಗ್ಯಾರೇಜ್‌ಗಳಿಗೂ ಮಾರಬೇಕು ಅಂತ. ಆದ್ರೆ ಕಾರು ಗಾಳಿಯಲ್ಲಿ, ಅಂದ್ರೆ ಮೊಬೈಲ್ ನೆಟ್‌ವರ್ಕ್‌ನಲ್ಲಿ, ಕಳಿಸೋ ಡೇಟಾ ಬಹುಪಾಲು ಅದರಿಂದ ಹೊರಗುಳಿಯಿತು. ಅದನ್ನೂ ಸೇರಿಸೋಕೆ 2020ರಲ್ಲಿ ಮತ್ತೆ ಮತದಾನ, ಸುಮಾರು ಶೇ 75 ಜನ ‘ಹೌದು’ ಅಂದರು. ಕಾರು ಕಂಪನಿಗಳ ಸಂಘಟನೆ ಕೋರ್ಟಿಗೆ ಹೋಯಿತು, ಕೇಸು ವರ್ಷಗಟ್ಟಲೆ ಎಳೆಯಿತು. ನಮ್ಮ ದೇಶದಲ್ಲೂ 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿತು, ಅದರಲ್ಲಿ ವಾಹನಗಳೂ ಇವೆ.

ಪಾದರಸದ ಬುರುಡೆಯ ಮುಂದೆ ನಿಂತವನ ಕೈಲಿ ಪೂರ್ತಿ ಅಧಿಕಾರ ಇತ್ತು, ಪೂರ್ತಿ ಅಪಾಯವೂ ಇತ್ತು. ಆ ಕಾಲ ವಾಪಸ್ ಬರಲಿ ಅಂತ ನಾನು ಹೇಳ್ತಿಲ್ಲ. 400 ವೋಲ್ಟ್‌ನ ಬ್ಯಾಟರಿ ‘ಬೇಡ’ ಅನ್ನೋಕೆ ಕಲಿತದ್ದು ಒಳ್ಳೆಯದೇ. ನಾವು ಕೇಳಬೇಕಾದ್ದು ಇಷ್ಟು: ಬೌನ್ಸ್ ಆದ ಚೆಕ್ ಜೊತೆ ಬ್ಯಾಂಕು ಕಾರಣ ಬರೆದ ಚೀಟಿ ಕೊಡುತ್ತೆ. ಆ ಚೀಟಿ ಕಾರಿನ ಮಾಲೀಕರಿಗೂ ಸಿಗಬೇಕು. ಪರೀಕ್ಷೆ ಮಾಡಿಸಿ, ಸರಿ ಇದ್ದರೆ ‘ಹೌದು’ ಅನ್ನಿಸೋಕೆ ಒಂದು ದಾರಿ ಇರಬೇಕು.

ಮುಂದಿನ ಸಲ ನೀವು ಸ್ಕೂಟರನ್ನೋ ಕಾರನ್ನೋ ಚಾರ್ಜಿಗೆ ಹಾಕಿದಾಗ ಒಂದು ಕ್ಷಣ ನಿಂತು ಕೇಳಿಸಿಕೊಳ್ಳಿ. ‘ಟಕ್’ ಅಂದ್ರೆ ಯಾರೋ ಒಪ್ಪಿದ್ದಾರೆ ಅಂತ. ಅದು ನಿಮ್ಮ ಗಾಡಿಯಾ, ಅದನ್ನ ಮಾಡಿದ ಕಂಪನಿಯಾ? ಗಾಡಿ ಕೊಳ್ಳೋ ಮುಂಚೆಯೇ ಕೇಳಿಬಿಡಿ.